ಎಡಗಾಲಿಗೆ ಕೆಲಸ ಕೊಡ್ಬೇಕಾ, ಬೇಡ್ವಾ?

ಹೋದ ಸಲ ಇದೇ ಅಂಕಣದಲ್ಲಿ "ಬರೀ ಸ್ಪೀಡೇ ಬೇಕು ಅಂದ್ರೆ ಮ್ಯಾನುಯಲ್ ತಗೋಬೇಡಿ" ಅಂತ ಒಂದೇ ಒಂದು ಸಾಲು ಬರೆದಿದ್ದೆ ನೋಡಿ, ಆಮೇಲೆ ಬಂದ ಮೇಲ್‌ಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈದವರಿಗೆ ಥ್ಯಾಂಕ್ಸ್, ಓದ್ತಿದೀರಿ ಅಂತಾದ್ರೂ ಗೊತ್ತಾಯ್ತು. ಪ್ರಶ್ನೆ ಕೇಳಿದವರಿಗೆ ಈ ಸಲ ಉತ್ತರ. ಎಲ್ಲ ಒಂದೇ ವಿಷಯದ್ದು, ಕ್ಲಚ್ ಒತ್ತಿ ನಾವೇ ಗೇರ್ ಹಾಕೋ ಮ್ಯಾನುಯಲ್ ಕಾರಾ, ತಾನೇ ಗೇರ್ ಬದಲಾಯಿಸೋ ಆಟೋಮ್ಯಾಟಿಕ್ಕಾ ಅಂತ, ಅದಕ್ಕೇ ಒಟ್ಟಿಗೆ ಹಾಕಿದೀನಿ.

ಪ್ರಶ್ನೆ: ಸಾರ್, ನನಗೆ 41 ವರ್ಷ. ಸರ್ಜಾಪುರ ರೋಡಲ್ಲಿ ಮನೆ, ಆಫೀಸು ಮಾನ್ಯತಾ ಟೆಕ್ ಪಾರ್ಕಲ್ಲಿ. ಹದಿನೈದು ವರ್ಷ ಕೂಡಿಟ್ಟ ದುಡ್ಡು ಇದೆ, ಒಂದೇ ಆಸೆ, ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಂ2. ಒಂದು ಮ್ಯಾನುಯಲ್ ನೋಡಿದೀನಿ, ಒಂದು ಆಟೋಮ್ಯಾಟಿಕ್ ನೋಡಿದೀನಿ, ರೇಟು ಹೆಚ್ಚುಕಮ್ಮಿ ಒಂದೇ. ಫ್ರೆಂಡ್ಸ್ ಎಲ್ಲ "ಮ್ಯಾನುಯಲ್ ಅಲ್ದಿದ್ರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ ಮಗಾ" ಅಂತಾರೆ. ಹೆಂಡತಿ "ನಾನೂ ಓಡಿಸ್ತೀನಿ, ನೆನಪಿರ್ಲಿ" ಅಂದಿದಾಳೆ. ಯಾವುದಕ್ಕೆ ಅಡ್ವಾನ್ಸ್ ಕೊಡ್ಲಿ?

ಉತ್ತರ: ಮೊದಲು ಫ್ರೆಂಡ್ಸ್ ವಿಷಯ ಮುಗಿಸಿಬಿಡೋಣ. ಅವರಲ್ಲಿ ಯಾರಾದ್ರೂ ನಿಮ್ಮ ಕಾರಿನ ಇನ್ಶೂರೆನ್ಸ್ ಕಟ್ತಾರಾ? ಇಲ್ಲ ತಾನೆ. ಹಾಗಾದ್ರೆ ಅವರನ್ನ ಒಂದು ಸಲ ಆ ಕಾರಿನ ಹಿಂದಿನ ಸೀಟಲ್ಲಿ ಕೂರಿಸಿ ಮೈಸೂರು ತನಕ ಕರ್ಕೊಂಡು ಹೋಗಿ, ಆಮೇಲೆ ಅವರು ಯಾವ ಸಲಹೆನೂ ಕೊಡಲ್ಲ.

ಈಗ ಲೆಕ್ಕ. ಈ ಎಂ2 ನಮ್ಮಲ್ಲಿ 2023ರ ಮೇನಲ್ಲಿ ಬಂದಾಗ ಎಕ್ಸ್‌ಶೋರೂಂ 98 ಲಕ್ಷ, ಅದರ ಮೇಲೆ ಕರ್ನಾಟಕದ 18% ಲೈಫ್‌ಟೈಮ್ ಟ್ಯಾಕ್ಸು ಬೇರೆ, ಅದನ್ನ ಮೊದಲ ಓನರ್ ಅತ್ತು ಮುಗಿಸಿದಾರೆ ಬಿಡಿ. 3 ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, 460 ಹಾರ್ಸ್‌ಪವರ್, 550 ನ್ಯೂಟನ್ ಮೀಟರ್ ಟಾರ್ಕು (ಎಂಜಿನ್ ತಿರುಗಿಸೋ ಬಲ). ಆಟೋಮ್ಯಾಟಿಕ್‌ನಲ್ಲಿ ಎಂಟು ಗೇರು, ಮ್ಯಾನುಯಲ್‌ನಲ್ಲಿ ಆರು. ನಿಂತಲ್ಲಿಂದ 100 ಮುಟ್ಟೋಕೆ ಆಟೋಮ್ಯಾಟಿಕ್‌ಗೆ 4.1 ಸೆಕೆಂಡು, ಮ್ಯಾನುಯಲ್‌ಗೆ 4.3. ಅಂದ್ರೆ ಕಣ್ಣು ಮಿಟುಕಿಸೋಷ್ಟು ವ್ಯತ್ಯಾಸ. ಅದೂ ಮ್ಯಾನುಯಲ್‌ನ 4.3 ಬರೋದು ಕಂಪನಿಯ ಟೆಸ್ಟ್ ಡ್ರೈವರ್ ಓಡಿಸಿದಾಗ, ನಾನು ಓಡಿಸಿದ್ರೆ ಐದೂ ಆಗಬಹುದು, ಯಾಕಂದ್ರೆ ಗೇರ್ ಬದಲಾಯಿಸುವಾಗ ಪ್ರತಿ ಸಲ ಕಾಲು ಎಕ್ಸಿಲರೇಟರ್ ಬಿಡ್ಬೇಕು, ಕ್ಲಚ್ ಒತ್ಬೇಕು, ಅಷ್ಟು ಹೊತ್ತು ಎಂಜಿನ್‌ಗೂ ಚಕ್ರಕ್ಕೂ ಸಂಬಂಧನೇ ಇರಲ್ಲ. ಆಟೋಮ್ಯಾಟಿಕ್‌ನಲ್ಲಿ ಆ ಗ್ಯಾಪೇ ಹೆಚ್ಚುಕಮ್ಮಿ ಇಲ್ಲ. ಸ್ಪೀಡು ಬೇಕು ಅಂದ್ರೆ ಮ್ಯಾನುಯಲ್ ಬೇಡ ಅಂದಿದ್ದು ಇದಕ್ಕೇ.

ಆದ್ರೆ ಸ್ಪೀಡಿಗೋಸ್ಕರ ಯಾರೂ ಮ್ಯಾನುಯಲ್ ತಗೊಳ್ಳಲ್ಲ, ಮಜಾಕ್ಕೋಸ್ಕರ ತಗೊಳ್ತಾರೆ. ಇಲ್ಲೇ ನನ್ನ ಒಂದು ಮೊಂಡುವಾದ ಇದೆ, ಬೈಯೋರು ಮತ್ತೆ ಬೈರಿ. ಪವರ್ ಜಾಸ್ತಿ ಆದಷ್ಟೂ ಮ್ಯಾನುಯಲ್‌ನ ಮಜಾ ಕಮ್ಮಿ ಆಗತ್ತೆ. ಯೋಚನೆ ಮಾಡಿ, 460 ಹಾರ್ಸ್‌ಪವರ್ ಕಾರಲ್ಲಿ ಎರಡನೇ ಗೇರು ಮುಗಿಯೋ ಹೊತ್ತಿಗೆ ನೀವು 100ರಲ್ಲಿ ಇರ್ತೀರ, ಮೈಸೂರು ಎಕ್ಸ್‌ಪ್ರೆಸ್‌ವೇ ಲಿಮಿಟ್ಟೇ 100, ಮೇಲೆ ಕ್ಯಾಮೆರಾ. ಇನ್ನು ನಾಲ್ಕು ಗೇರು ಸುಮ್ನೆ ಮೈಲೇಜಿಗೆ. ಅದೇ 80-90 ಹಾರ್ಸ್‌ಪವರಿನ ಹಳೇ ಸ್ವಿಫ್ಟ್ ತಗೊಳ್ಳಿ, ಒಂದು ಲಾರಿ ಓವರ್‌ಟೇಕ್ ಮಾಡ್ಬೇಕಂದ್ರೆ ನಾಲ್ಕರಿಂದ ಮೂರಕ್ಕೆ ಇಳಿಸು, ಎಂಜಿನ್ ಕಿರುಚಿಸು, ಮತ್ತೆ ನಾಲ್ಕಕ್ಕೆ ಹಾಕು, ಒಳ್ಳೆ ಅಡುಗೆಮನೆ ಥರ ಕೈಕಾಲಿಗೆ ಬಿಡುವಿಲ್ಲ. ಮ್ಯಾನುಯಲ್‌ನ ಸುಖ ಇರೋದೇ ಆ ಪರದಾಟದಲ್ಲಿ.

ಆಮೇಲೆ ನಿಮ್ಮ ಎಡ ಮಂಡಿ. 550 ನ್ಯೂಟನ್ ಮೀಟರ್ ಹಿಡ್ಕೊಂಡಿರೋ ಕ್ಲಚ್‌ನ ಸ್ಪ್ರಿಂಗು ಗಟ್ಟಿ ಇರಲೇಬೇಕು, ಇಲ್ಲಾಂದ್ರೆ ಜಾರತ್ತೆ. ಮನೆ ಕಾರಿನ ಕ್ಲಚ್ ಥರ ಹೆಬ್ಬೆರಳಲ್ಲಿ ಒತ್ತೋ ಲೆಕ್ಕ ಅಲ್ಲ ಇದು. ನಾನೊಂದು ಸಲ ಸ್ನೇಹಿತನ ಹಳೇ ಸ್ಪೋರ್ಟ್ಸ್ ಕಾರು (ಯಾವ ಕಂಪನಿ ಅಂತ ಕೇಳ್ಬೇಡಿ) ಒಂದು ವಾರ ಇಟ್ಕೊಂಡು ಔಟರ್ ರಿಂಗ್ ರೋಡಲ್ಲೇ ಓಡಾಡಿದೆ. ಮೊದಲನೇ ದಿನ ಸಿಗ್ನಲ್ಲಲ್ಲಿ ಹುಡುಗರು ಫೋಟೋ ತೆಗೆದಾಗ ಬೀಗಿದ್ದೇ ಬೀಗಿದ್ದು. ನಾಲ್ಕನೇ ದಿನ ಮಾರತಹಳ್ಳಿ ಬ್ರಿಡ್ಜ್ ಹತ್ರ ಮುಕ್ಕಾಲು ಗಂಟೆ ಕ್ಲಚ್ ಒತ್ತು ಬಿಡು, ಒತ್ತು ಬಿಡು, ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಎಡಗಾಲು ಗಡಗಡ ನಡುಗ್ತಿತ್ತು, ಅಮ್ಮ "ಬಿಪಿ ಚೆಕ್ ಮಾಡಿಸ್ಕೊ" ಅಂದ್ರು. ಐದನೇ ದಿನ ಬೇಸ್‌ಮೆಂಟ್ ಪಾರ್ಕಿಂಗ್‌ನ ರ್‍ಯಾಂಪ್ ಮೇಲೆ ಮುಂದಿನ ಕಾರು ನಿಂತ್ಕೊಂಡು ಟಿಕೆಟ್ ಹುಡುಕ್ತಾ ಇತ್ತು, ನಾನು ಹ್ಯಾಂಡ್‌ಬ್ರೇಕ್ ಹಾಕೋದು ಬಿಟ್ಟು ಅರ್ಧ ಕ್ಲಚ್ಚಲ್ಲೇ (ಪೆಡಲ್ ಅರ್ಧ ಬಿಟ್ಕೊಂಡು) ಕಾರನ್ನ ಹಿಡಿದು ನಿಲ್ಲಿಸ್ಕೊಂಡಿದ್ದೆ, ಸುಟ್ಟ ರಬ್ಬರ್ ಥರ ವಾಸನೆ ಇಡೀ ಬೇಸ್‌ಮೆಂಟ್‌ಗೆ ಹರಡಿ ಸೆಕ್ಯೂರಿಟಿ ಅಣ್ಣ ಓಡಿ ಬಂದ. ತಪ್ಪು ನಂದೇ, ಕಾರಿಂದಲ್ಲ.

ಅದಕ್ಕೆ ನಿಮಗೆ ನನ್ನ ಪ್ರಶ್ನೆ ಇಷ್ಟೇ: ಈ ಕಾರು ಮಾನ್ಯತಾಗೆ ಹೋಗತ್ತಾ? ಹೋಗತ್ತೆ ಅಂದ್ರೆ ಕಣ್ಣು ಮುಚ್ಕೊಂಡು ಆಟೋಮ್ಯಾಟಿಕ್. ಅದು ಟಾರ್ಕ್ ಕನ್ವರ್ಟರ್ ಇರೋ ಗೇರ್‌ಬಾಕ್ಸು, ಎಂಜಿನ್ ತಿರುಗೋ ಶಕ್ತಿ ಎಣ್ಣೆ ಮೂಲಕ ಗೇರಿಗೆ ಹೋಗತ್ತೆ, ಟ್ರಾಫಿಕ್ಕಲ್ಲಿ ಆಮೆ ಥರ ಹೋದ್ರೂ ಸವೆಯೋಕೆ ಅಲ್ಲಿ ಪ್ಲೇಟು ಉಜ್ಜಾಡಲ್ಲ. ಮನೇಲಿ ಇನ್ನೊಂದು ಕಾರಿದೆ, ಇದು ಭಾನುವಾರ ಬೆಳಗ್ಗೆ ಐದಕ್ಕೆ ಮಾತ್ರ ಹೊರಗೆ ಬರತ್ತೆ ಅಂದ್ರೆ ಮಾತ್ರ ಮ್ಯಾನುಯಲ್, ಆಗ ನನ್ನ ಮೊಂಡುವಾದನೂ ಪಕ್ಕಕ್ಕಿಟ್ಟುಬಿಡಿ, ಯಾಕಂದ್ರೆ ಇವತ್ತು ಹೊಸದಾಗಿ ಮ್ಯಾನುಯಲ್ ಸ್ಪೋರ್ಟ್ಸ್ ಕಾರು ಮಾಡೋರೇ ಕಮ್ಮಿ, ಇರೋದಕ್ಕೆ ಗಿರಾಕಿ ಇದ್ದೇ ಇರ್ತಾರೆ. ಪೋರ್ಷೆಯವರ ಕಥೆ ಗೊತ್ತಲ್ಲ, 2013ರಲ್ಲಿ 911 ಜಿಟಿ3 ಅನ್ನೋ ಸ್ಪೋರ್ಟ್ಸ್ ಕಾರನ್ನ ಬರೀ ಪಿಡಿಕೆ ಆಟೋಮ್ಯಾಟಿಕ್‌ನಲ್ಲಿ ತಂದ್ರು, ಜನ ರಂಪ ಮಾಡಿದ್ರು. 2016ರಲ್ಲಿ ಬರೀ ಮ್ಯಾನುಯಲ್ ಇರೋ 911 ಆರ್ ಅಂತ ಒಟ್ಟು 991 ಕಾರು ಮಾಡಿದ್ರೆ ಅದಕ್ಕೆ ಮುಗಿಬಿದ್ರು, 2017ರಲ್ಲಿ ಜಿಟಿ3ಗೆ ಮ್ಯಾನುಯಲ್ ವಾಪಸ್ ಬಂತು.

ಮ್ಯಾನುಯಲ್ಲೇ ಅಂತಾದ್ರೆ ದುಡ್ಡು ಕೊಡೋ ಮುಂಚೆ ಖಾಲಿ ರೋಡಲ್ಲಿ ಒಂದು ಟೆಸ್ಟು ಮಾಡಿ. ನಾಲ್ಕನೇ ಗೇರಲ್ಲಿ 50ರಲ್ಲಿ ಹೋಗ್ತಾ ಎಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹೋಗಿ ಸ್ಪೀಡು ಮಾತ್ರ ಹಿಂದೇನೇ ಉಳಿದ್ರೆ ಕ್ಲಚ್ ಜಾರ್ತಿದೆ ಅಂತ, ಆ ರಿಪೇರಿ ಬಿಲ್ಲು ಕೈಗೆ ಬಂದಾಗ ಫ್ರೆಂಡ್ಸ್ ಫೋನ್ ತೆಗಿಯಲ್ಲ.

ಇನ್ನು ನಿಮ್ಮ ಮನೆಯವರ ವಿಷಯ. ಅವರು ಓಡಿಸ್ತಾರೆ ಅಂದ ತಕ್ಷಣ ಆಟೋಮ್ಯಾಟಿಕ್ಕೇ ಬೇಕು ಅಂತ ನೀವೇ ತೀರ್ಮಾನ ಮಾಡ್ಬೇಡಿ, ಎರಡನ್ನೂ ಓಡಿಸೋಕೆ ಕೊಡಿ. ನನಗೆ ಗೇರ್ ಹಾಕೋದು ಕಲಿಸಿದ್ದು ನಮ್ಮಕ್ಕ, ಇವತ್ತಿಗೂ ಅವಳಷ್ಟು ನೀಟಾಗಿ ಕ್ಲಚ್ ಬಿಡೋಕೆ ನನಗೆ ಬರಲ್ಲ.

ಪ್ರಶ್ನೆ: ನನ್ನ ಕಾರು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್. ಹೆಬ್ಬಾಳ ಫ್ಲೈಓವರ್ ಹತ್ರ ಸಂಜೆ ಹೊತ್ತು "ಗೇರ್‌ಬಾಕ್ಸ್ ಬಿಸಿಯಾಗಿದೆ" ಅಂತ ವಾರ್ನಿಂಗ್ ಬರತ್ತೆ. ಆಟೋಮ್ಯಾಟಿಕ್‌ಗೆ ಟ್ರಾಫಿಕ್ ಒಳ್ಳೇದು ಅಂತೀರಲ್ಲ, ಮತ್ತೆ ಇದೇನು?

ಉತ್ತರ: ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ ಸ್ವಾಮಿ. ನಿಮ್ಮದರೊಳಗೆ ನಿಜವಾಗ್ಲೂ ಎರಡು ಮ್ಯಾನುಯಲ್ ಗೇರ್‌ಬಾಕ್ಸ್ ಇದೆ ಅಂದ್ಕೊಳ್ಳಿ, ಒಂದು ಕ್ಲಚ್ 1, 3, 5, 7 ನೋಡ್ಕೊಳ್ಳತ್ತೆ, ಇನ್ನೊಂದು 2, 4, 6. ಮೂರರಲ್ಲಿ ಹೋಗ್ತಿರುವಾಗ್ಲೇ ನಾಲ್ಕು ರೆಡಿ ಇರತ್ತೆ, ಒಂದು ಕ್ಲಚ್ ಬಿಡುತ್ತೆ ಇನ್ನೊಂದು ಹಿಡಿಯತ್ತೆ, ಅದಕ್ಕೇ ಅಷ್ಟು ಫಾಸ್ಟು. ಆದ್ರೆ ಇಂಚಿಂಚು ಹೋಗುವಾಗ ಅದೂ ಅರ್ಧ ಕ್ಲಚ್ಚಲ್ಲೇ ಹೋಗೋದು, ನಾನು ರ್‍ಯಾಂಪ್ ಮೇಲೆ ಮಾಡಿದ್ನಲ್ಲ ಅದೇ ಕೆಲಸನ ಕಂಪ್ಯೂಟರ್ ಮಾಡ್ತಿರತ್ತೆ. ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರೋ ಥರದ್ದಾದ್ರೆ ಬಿಸಿ ಎಣ್ಣೆಗೆ ಹೋಗತ್ತೆ. ಡ್ರೈ ಕ್ಲಚ್ ಆದ್ರೆ ಪಾಪ ಎಲ್ಲಿಗೆ ಹೋಗ್ಬೇಕು. ಮುಂದಿನ ಕಾರಿನ ಬಂಪರಿಗೆ ಅಂಟ್ಕೊಂಡು ತೆವಳಬೇಡಿ, ಒಂದೆರಡು ಕಾರಿನಷ್ಟು ಜಾಗ ಆಗೋ ತನಕ ಬ್ರೇಕ್ ಗಟ್ಟಿಯಾಗಿ ಒತ್ತಿಟ್ಟು ನಿಂತಿರಿ (ಬ್ರೇಕ್ ಒತ್ತಿದಾಗ ಕ್ಲಚ್ ಪೂರ್ತಿ ಬಿಟ್ಕೊಳ್ಳತ್ತೆ), ಆಮೇಲೆ ಒಂದೇ ಸಲ ಹೋಗಿ. ಹೌದು, ಆ ಗ್ಯಾಪಿಗೆ ಒಂದು ಆಟೋ ನುಗ್ಗತ್ತೆ. ನುಗ್ಗಲಿ ಬಿಡಿ. ಏರಿನ ಮೇಲೆ ಎಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸೋದಂತೂ ಬೇಡವೇ ಬೇಡ. ಇಷ್ಟು ಮಾಡಿದ್ರೂ ವಾರ್ನಿಂಗ್ ಬಂದ್ರೆ ಸರ್ವೀಸ್‌ಗೆ ಬಿಡಿ.

ಪ್ರಶ್ನೆ: ಗಾಲ್ಫ್ ಜಿಟಿಐ ಮ್ಯಾನುಯಲ್ ಯಾವಾಗ ಬರತ್ತೆ? ಕಾಯ್ತಾ ಇದೀನಿ.

ಉತ್ತರ: ಕಾಯ್ಬೇಡಿ. 2025ರಲ್ಲಿ ನಮ್ಮಲ್ಲಿಗೆ ಬಂದಿದ್ದು 7 ಸ್ಪೀಡ್ ಡಿಎಸ್‌ಜಿ (ಫೋಕ್ಸ್‌ವ್ಯಾಗನ್‌ನವರ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್) ಮಾತ್ರ, ಈ ಮಾಡೆಲ್‌ಗೆ ಪ್ರಪಂಚದಲ್ಲಿ ಎಲ್ಲೂ ಮ್ಯಾನುಯಲ್ ಇಲ್ಲ.

ಪ್ರಶ್ನೆ: ಸ್ಟೀರಿಂಗ್ ಹಿಂದೆ ಪ್ಯಾಡಲ್ ಶಿಫ್ಟರ್ (ಬೆರಳಲ್ಲೇ ಗೇರ್ ಬದಲಾಯಿಸೋ ಲಿವರ್) ಇದ್ರೆ ಅದೂ ಮ್ಯಾನುಯಲ್ಲೇ ಅಲ್ವಾ? ನಮ್ಮ ಹಾಸ್ಟೆಲ್‌ನಲ್ಲಿ ದೊಡ್ಡ ಜಗಳ ಆಗಿದೆ.

ಉತ್ತರ: ಗೇರ್ ಯಾವುದು ಅಂತ ಹೇಳೋದು ನೀವು, ಕ್ಲಚ್ ಒತ್ತೋದು ಅದು, ಅದಕ್ಕೆ ಅರ್ಧ ಮಾರ್ಕ್ಸು. ಇದು ರೇಸಿಂಗಿಂದ ಬಂದಿದ್ದು. 1989ರಲ್ಲಿ ಫೆರಾರಿ 640 ಅನ್ನೋ ಎಫ್‌1 (ಫಾರ್ಮುಲಾ ವನ್) ರೇಸ್ ಕಾರಿಗೆ ಮೊದಲ ಸಲ ಸ್ಟೀರಿಂಗ್ ಹಿಂದೆ ಪ್ಯಾಡಲ್ ಹಾಕಿದ್ರು. ಟೆಸ್ಟಿಂಗಲ್ಲಿ ಪದೇ ಪದೇ ಕೆಟ್ಟು ನಿಲ್ತಿತ್ತು, ಬ್ರೆಜಿಲ್‌ನ ಮೊದಲ ರೇಸಲ್ಲಿ ಅದು ಕೊನೆ ಮುಟ್ಟತ್ತೆ ಅಂತ ಯಾರಿಗೂ ನಂಬಿಕೆ ಇರ್ಲಿಲ್ಲ. ಅದನ್ನ ಓಡಿಸಿದ ನೈಜಲ್ ಮ್ಯಾನ್ಸೆಲ್ ಗೆದ್ದೇಬಿಟ್ಟ! ಕೆಲವೇ ವರ್ಷದಲ್ಲಿ ಎಫ್‌1ನಲ್ಲಿ ಕೋಲು ಗೇರೇ ಮಾಯ. ಹಾಸ್ಟೆಲ್ ಜಗಳ ಡ್ರಾ ಅಂತ ಘೋಷಿಸಿ.

ಪ್ರಶ್ನೆ: ತೀರ್ಥಹಳ್ಳಿಯವನು ನಾನು, ಆಗುಂಬೆ ಘಾಟಿ ದಿನಾ ಇಳೀತೀನಿ ಹತ್ತೀನಿ. ವಿಡಿಯೋದಲ್ಲಿ ತೋರಿಸೋ ಹೀಲ್ ಅಂಡ್ ಟೋ ಕಲೀಬೇಕಾ? ಆಟೋಮ್ಯಾಟಿಕ್ ತಗೊಂಡ್ರೆ ಘಾಟಿ ಇಳಿಯೋಕೆ ಕಷ್ಟ ಆಗತ್ತಾ?

ಉತ್ತರ: 14 ಹೇರ್‌ಪಿನ್ ತಿರುವಿನ ರೋಡು ಮನೆ ಬಾಗ್ಲಲ್ಲಿ ಇಟ್ಕೊಂಡು ನಮ್ಮಂಥವರನ್ನ ಹೊಟ್ಟೆ ಉರಿಸ್ತೀರಲ್ಲ. ಹೀಲ್ ಅಂಡ್ ಟೋ ಅಂದ್ರೆ ಬಲಗಾಲಿನ ಮುಂಭಾಗ ಬ್ರೇಕ್ ಮೇಲೆ, ಎಡಗಾಲಲ್ಲಿ ಕ್ಲಚ್, ಮೂರರಿಂದ ಎರಡಕ್ಕೆ ಹಾಕೋ ಹೊತ್ತಿಗೆ ಬ್ರೇಕ್ ಬಿಡದೆ ಅದೇ ಬಲ ಪಾದದ ಅಂಚನ್ನ ಹೊರಳಿಸಿ ಎಕ್ಸಿಲರೇಟರಿಗೆ ಒಂದು ತಟ್ಟು. ಎರಡನೇ ಗೇರಲ್ಲಿ ಎಂಜಿನ್ ಜೋರಾಗಿ ತಿರುಗ್ಬೇಕಲ್ವಾ, ಅದನ್ನ ಮೊದಲೇ ಎಬ್ಬಿಸಿಟ್ರೆ ಕ್ಲಚ್ ಬಿಟ್ಟಾಗ ಕಾರು ಜಗ್ಗಲ್ಲ. ಮಳೆಗಾಲದಲ್ಲಿ, ಅದೂ ಹಿಂದಿನ ಚಕ್ರ ಓಡಿಸೋ ಕಾರಲ್ಲಿ ಆ ಜಗ್ಗಾಟಕ್ಕೇ ಚಕ್ರ ಜಾರಿಬಿಡಬಹುದು. ಮನೆ ಕಾರಿಗೆ ಇದು ಬೇಕೇಬೇಕು ಅಂತೇನಿಲ್ಲ, ತಿರುವಿಗೆ ಮುಂಚೆನೇ ಬ್ರೇಕ್ ಹಾಕಿ ಮುಗಿಸಿ ಗೇರ್ ಇಳಿಸಿ ಕ್ಲಚ್ ನಿಧಾನ ಬಿಟ್ರೆ ಸಾಕು. ಕಲಿಯೋದಾದ್ರೆ ಘಾಟಿಯಲ್ಲಿ ಬೇಡ, ಖಾಲಿ ಮೈದಾನದಲ್ಲಿ, ಚಪ್ಪಲಿ ಬಿಟ್ಟು ತೆಳು ಶೂ ಹಾಕ್ಕೊಂಡು. ಆಟೋಮ್ಯಾಟಿಕ್‌ನಲ್ಲೂ ಇಳಿಜಾರಲ್ಲಿ ಡಿ ಅಲ್ಲೇ ಬಿಟ್ಟು ಬ್ರೇಕ್ ತುಳಿತಾ ಇರ್ಬೇಡಿ, ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡರಲ್ಲಿ ಇಳೀರಿ. ಸೋಮೇಶ್ವರ ತಲುಪೋ ಹೊತ್ತಿಗೆ ಬ್ರೇಕ್ ವಾಸನೆ ಬರೋದು ಮುಂದಿನ ಟೂರಿಸ್ಟ್ ಕಾರಿಂದ ಮಾತ್ರ ಇರ್ಲಿ.

ಪ್ರಶ್ನೆ: ಮ್ಯೂನಿಕ್‌ನಿಂದ ಬರೀತಿದೀನಿ ಸಾರ್. ಊರಲ್ಲಿ ಸ್ಕೂಟಿ ಬಿಟ್ರೆ ಏನೂ ಓಡಿಸಿಲ್ಲ, ಇಲ್ಲಿ ಬಂದು ಆಟೋಮ್ಯಾಟಿಕ್‌ನಲ್ಲೇ ಲೈಸೆನ್ಸ್ ತಗೊಂಡೆ. ಈಗ ಮಜ್ದಾ ಎಂಎಕ್ಸ್‌-5 (ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು) ಮೇಲೆ ಮನಸ್ಸಾಗಿದೆ, ಮ್ಯಾನುಯಲ್ಲೇ ಬೇಕು. ಈ ವಯಸ್ಸಲ್ಲಿ ಕಲಿಯೋಕಾಗತ್ತಾ?

ಉತ್ತರ: ಮೊದಲು ಲೈಸೆನ್ಸ್ ತೆಗೆದು ನೋಡಿ ಮೇಡಂ. ಅದರಲ್ಲಿ 78 ಅಂತ ಇದ್ರೆ ನಿಮಗೆ ಜರ್ಮನಿಯಲ್ಲಿ ಆಟೋಮ್ಯಾಟಿಕ್ ಮಾತ್ರ, ಮ್ಯಾನುಯಲ್ ಮುಟ್ಟಿದ್ರೆ ಲೈಸೆನ್ಸೇ ಇಲ್ದೆ ಓಡಿಸಿದ ಲೆಕ್ಕ. ಸಮಾಧಾನ ಅಂದ್ರೆ 2021ರ ಏಪ್ರಿಲ್‌ನಿಂದ ರೂಲ್ಸ್ ಸಡಿಲ ಆಗಿದೆ, ಡ್ರೈವಿಂಗ್ ಸ್ಕೂಲಲ್ಲಿ 45 ನಿಮಿಷದ ಕನಿಷ್ಠ 10 ಕ್ಲಾಸು ಮ್ಯಾನುಯಲ್ ಓಡಿಸಿ, ಅಲ್ಲೇ 15 ನಿಮಿಷದ ಟೆಸ್ಟ್ ಕೊಟ್ರೆ 197 ಅಂತ ಹಾಕಿಸ್ಕೋಬಹುದು, ಆಗ ಮ್ಯಾನುಯಲ್ಲೂ ಓಡಿಸಬಹುದು, ಮತ್ತೆ ದೊಡ್ಡ ಪರೀಕ್ಷೆ ಬರೆಯೋದೇನಿಲ್ಲ.

ಕಾರು ಮಾತ್ರ ಸರಿಯಾಗಿ ಆರಿಸಿದೀರಿ, ಮೇಲಿನ ಸರ್ಜಾಪುರದವರು ಇದನ್ನ ಓದ್ಬೇಕು. ಫೆರಾರಿ ಕೋಲು ಗೇರನ್ನ ಕಿತ್ತಾಕಿದ ಅದೇ 1989ರಲ್ಲಿ ಈ ಎಂಎಕ್ಸ್‌-5 ಬಂತು, ಈಗಲೂ ಇರೋ ತೂಕ ಒಂದು ಟನ್‌ಗೆ ಸ್ವಲ್ಪ ಮೇಲೆ ಅಷ್ಟೇ. 1.5 ಲೀಟರಿಂದು 132 ಹಾರ್ಸ್‌ಪವರ್, 2 ಲೀಟರಿಂದು 184. ನನ್ನ ಮಾತು ಕೇಳೋದಾದ್ರೆ ಚಿಕ್ಕ ಎಂಜಿನ್ನೇ ತಗೊಳ್ಳಿ, ಗೇರ್ ಲಿವರ್ ಗಿಡ್ಡ, ಮಣಿಕಟ್ಟು ಅಲ್ಲಾಡಿಸಿದ್ರೆ ಟಕ್ ಅಂತ ಬೀಳತ್ತೆ, ಊರಾಚೆ ರೋಡಲ್ಲಿ ಎರಡನೇ ಗೇರ್ ತನಕ ಕಿರುಚಿಸಿದ್ರೂ ಪೊಲೀಸ್ ಹಿಂದೆ ಬರಲ್ಲ. ಇನ್ನೊಂದು ಲಾಭ, ಊರಲ್ಲಿ ಎಡಗೈಯಲ್ಲಿ ಗೇರ್ ಹಾಕಿ ಅಭ್ಯಾಸ ಆದ ನಮ್ಮ ಹುಡುಗರು ಅಲ್ಲಿಗೆ ಬಂದು ಬಲಗೈಗೆ ಗೇರ್ ಸಿಕ್ದಾಗ ಬಾಗಿಲ ಕಡೆ ಕೈ ಹಾಕಿ ಹುಡುಕ್ತಿರ್ತಾರೆ, ನಿಮಗೆ ಹಳೇ ಅಭ್ಯಾಸನೇ ಇಲ್ಲ. ಮೊದಲನೇ ಕ್ಲಾಸಲ್ಲಿ ಎಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ ನಿಧಾನ ಬಿಡ್ತಾ ಕಾರು ಮೆಲ್ಲಗೆ ಹೊರಡೋ ಜಾಗ ಎಲ್ಲಿ ಸಿಗತ್ತೆ ಅಂತ ಹತ್ತು ಸಲ ನೋಡ್ಕೊಳ್ಳಿ. ಎಷ್ಟು ಸಲ ಆಫ್ ಆಯ್ತು ಅಂತ ಬರೀರಿ, ನನ್ನದು ಮೊದಲ ದಿನ ಹನ್ನೊಂದು ಸಲ ಆಗಿತ್ತು, ಅಕ್ಕ ಇವತ್ತಿಗೂ ಎಲ್ಲರ ಮುಂದೆ ಹೇಳ್ತಾಳೆ.