‘ಎರಡನೇ ಗುಂಡು’ ಕಳಿಸಿದ ಗೆಳೆಯರಿಗೆ

ಗೆಳೆಯರೇ,

ನಿಮ್ಮ ‘ಎರಡನೇ ಗುಂಡು’ ಕೈಸೇರಿ ಮೂರು ವಾರವಾಯಿತು. ನೂರಾ ಹನ್ನೆರಡು ಪುಟದ ಚಿತ್ರಕಥೆಯನ್ನು ಮಡಿಕೇರಿಯ ಒಂದು ಬಡ ಪತ್ರಿಕೆಗೆ ಯಾಕೆ ಕಳಿಸಿದರಪ್ಪಾ ಅಂತ ಮೊದಲು ಗೊಣಗಿದೆ. ಆಮೇಲೆ ಜೊತೆಗಿದ್ದ ಚೀಟಿ ನೋಡಿದೆ: ‘ಬೆಂಗಳೂರಿನಲ್ಲಿ ಯಾರೂ ಓದುತ್ತಿಲ್ಲ ಸರ್, ಊರಿನವರೊಬ್ಬರು ಓದಿ ನಿಜ ಹೇಳಿ.’ ನಿಜ ಹೇಳಿ ಅಂದವರು ನೀವೇ. ಇನ್ನು ಮುಂದಿನದಕ್ಕೆ ನನ್ನನ್ನು ಬೈಯಬೇಡಿ.

ಪುಟ ಮಗುಚಿಕೊಂಡು ಹೋಗುತ್ತದೆ, ಅದು ಸಣ್ಣ ವಿಷಯವಲ್ಲ. ಬೀಟೆ ಮರ ಸಾಗಿಸುವ ಗುಂಪಿನ ಮಾತುಕತೆ ಚೆನ್ನಾಗಿದೆ. ಲಾರಿ ಡ್ರೈವರನ ಪಾತ್ರ ನನಗೆ ಇಷ್ಟವಾಯಿತು. ಹೊಗಳಿಕೆ ಇಷ್ಟಕ್ಕೆ ಮುಗಿಯಿತು.

ನಮ್ಮ ಕಚೇರಿಯಲ್ಲಿ ಇನ್ನೂ ಇಬ್ಬರಿಗೆ ಇದನ್ನು ಓದಲು ಕೊಟ್ಟಿದ್ದೆ. ಅವರಿಗಾಗಿ ಬರೆದಿಟ್ಟ ಸಾರಾಂಶ ಇದು: ಶ್ರೀಲಂಕಾಕ್ಕೆ ಹೋದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದ ಹವಾಲ್ದಾರ್ ಬೋಪಣ್ಣ ನಿವೃತ್ತನಾಗಿ ಅಮ್ಮತ್ತಿ ಕಡೆ ಕಾಫಿ ತೋಟ ನೋಡಿಕೊಂಡಿದ್ದಾನೆ. ಯುದ್ಧದ ನೆನಪು ಅವನನ್ನು ಬಿಟ್ಟಿಲ್ಲ. ಮರಗಳ್ಳರು ಅವನ ಗೆಳೆಯನ ಮಗನನ್ನು ಕೊಲ್ಲುತ್ತಾರೆ. ಇವನು ಕೋವಿ ಹಿಡಿದು ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಕಥೆ ಇರಲಿ, ಇಂಥವು ಬೇಕಾದಷ್ಟಿವೆ, ಇನ್ನೊಂದು ಬಂದರೆ ನಷ್ಟವಿಲ್ಲ. ನನಗೆ ತಡೆದುಕೊಳ್ಳಲಾಗದೆ ಹೋದದ್ದು ಎರಡು ಜಾಗ. ಉಳಿದದ್ದರ ಬಗ್ಗೆ ನಾನು ಹೆಚ್ಚೇನೂ ಹೇಳುವುದಿಲ್ಲ.

ಮೊದಲನೆಯದು ದೃಶ್ಯ 27. ಹುಡುಗನ ಕೊಲೆ. ನೀವು ಬರೆದದ್ದನ್ನು ಹಾಗೇ ಇಳಿಸುತ್ತೇನೆ:

‘ಮಧ್ಯರಾತ್ರಿ. ತೋಟದ ಮನೆ. ಢಂ! ಢಂ! ಎರಡು ಗುಂಡಿನ ಸದ್ದು. ಮತ್ತೆ ನೀರವ ಮೌನ. ಊರು ಗಾಢ ನಿದ್ರೆಯಲ್ಲಿದೆ. ಬೆಳಿಗ್ಗೆ ಹಾಲಿನವನು ಬಂದಾಗಲೇ ಹೆಣ ಪತ್ತೆ.’

ಗಾಢ ನಿದ್ರೆ! ಅಲ್ಲ ಮಾರಾಯರೇ, ನೀವು ಪೊನ್ನಂಪೇಟೆಯಲ್ಲಿ ಹುಟ್ಟಿದವರು ಅಂತ ಚೀಟಿಯಲ್ಲಿದೆ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು, ಇದು ನಿಮಗೆ ಗೊತ್ತಿಲ್ಲವೆ? ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ. ಎಲ್ಲರ ಕೈಯಲ್ಲೂ ಮೊಬೈಲ್ ಬಂದ ಮೇಲೂ ಈ ಪದ್ಧತಿ ಇದೆ. ರಾತ್ರಿ ಹೊತ್ತು ಒಂದು ಗುಂಡು ಕೇಳಿದರೆ ಹಂದಿಗೋ ಆನೆ ಬೆದರಿಸಲಿಕ್ಕೋ ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಎರಡು ಒಟ್ಟಿಗೆ ಕೇಳಿದರೆ ಎದ್ದು ಕೂರುತ್ತಾರೆ. ಯಾವ ದಿಕ್ಕಿನಿಂದ ಬಂತು ಅಂತ ಲೆಕ್ಕ ಹಾಕುತ್ತಾರೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದರು ಅಂತ ನೆನಪು ಮಾಡಿಕೊಳ್ಳುತ್ತಾರೆ. ಟಾರ್ಚ್ ಹುಡುಕಿ, ಮನೆಗೊಬ್ಬರಂತೆ ಹೊರಡುತ್ತಾರೆ. ನಿಮ್ಮ ಕೊಲೆಗಾರ ಗೇಟು ದಾಟುವ ಮೊದಲು ಕನಿಷ್ಠ ನಾಲ್ಕು ಟಾರ್ಚ್ ಬೆಳಕು ಅವನ ಮುಖದ ಮೇಲೆ ಬಿದ್ದಿರುತ್ತಿತ್ತು. ಲೈನ್‌ಮನೆಯಲ್ಲಿ ಮಲಗಿದ ಕೆಲಸದವರನ್ನೂ ಅವರ ನಾಯಿಗಳನ್ನೂ ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತೋಟದಲ್ಲಿ ನಾಯಿ ಬೊಗಳದ ರಾತ್ರಿ ಯಾವುದು?

ಇದು ವಿವರದ ತಪ್ಪಷ್ಟೇ ಆಗಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ಬಿಡುತ್ತಿದ್ದೆ. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಶೀರ್ಷಿಕೆಯೇ ‘ಎರಡನೇ ಗುಂಡು’! ಇಡೀ ಕಥೆಯ ಬೀಗದ ಕೈ ಈ ಊರೇ ನಿಮ್ಮ ಕೈಯಲ್ಲಿಟ್ಟಿತ್ತು. ನೀವು ಅದನ್ನು ಸದ್ದಿನ ಪಟ್ಟಿಗೆ ಸೇರಿಸಿ ‘ಢಂ ಢಂ’ ಅಂತ ಬರೆದು ಮುಂದೆ ಹೋದಿರಿ. ಮೊದಲ ಗುಂಡಿನ ನಂತರ ಕೊಲೆಗಾರ ಕಾದ ಅಂದುಕೊಳ್ಳಿ. ಎರಡನೆಯದನ್ನು ಹತ್ತು ನಿಮಿಷ ಬಿಟ್ಟು ಹೊಡೆದ. ಊರು ಏಳಲಿಲ್ಲ. ಹಾಗೆ ಕಾಯಬೇಕು ಅಂತ ಯಾರಿಗೆ ಗೊತ್ತಿರುತ್ತದೆ? ಹೊರಗಿನಿಂದ ಬಂದ ಬಾಡಿಗೆ ಗೂಂಡಾಗೆ ಗೊತ್ತಿರುತ್ತದೆಯೆ? ಇದಕ್ಕಿಂತ ಮುಂದೆ ನಾನು ಹೇಳುವುದಿಲ್ಲ. ನಿಮ್ಮ ಕಥೆಯನ್ನು ನಾನು ಬರೆದುಕೊಡುವ ಹಾಗಿಲ್ಲ.

ಕೋವಿ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಬೋಪಣ್ಣನ ಕೈಯಲ್ಲಿರುವುದು ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಅಂತ ನೀವೇ ಬರೆದಿದ್ದೀರಿ. ದೃಶ್ಯ 44ರಲ್ಲಿ ಅದರಿಂದ ನಿಲ್ಲಿಸದೆ ಐದು ಗುಂಡು ಹಾರುತ್ತವೆ. ಜೋಡಿ ನಳಿಗೆ ಅಂದರೆ ಎರಡು. ಆಮೇಲೆ ಕೋವಿಯನ್ನು ಮಧ್ಯಕ್ಕೆ ಬಗ್ಗಿಸಿ ತೆರೆಯಬೇಕು, ಖಾಲಿ ಕಾಡತೂಸು ತೆಗೆಯಬೇಕು, ಹೊಸದು ತುಂಬಬೇಕು. ಇನ್ಸ್‌ಪೆಕ್ಟರ್ ಬಂದು ‘ಲೈಸೆನ್ಸ್ ಎಲ್ಲಿ?’ ಅಂತ ಗದರಿಸುತ್ತಾನೆ. ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿ ಇದೆ, ಈಗಿನದು ಅಕ್ಟೋಬರ್ 2029ರವರೆಗೆ ಊರ್ಜಿತದಲ್ಲಿದೆ. ಇಲ್ಲಿ ಡ್ಯೂಟಿ ಮಾಡುವ ಯಾವ ಇನ್ಸ್‌ಪೆಕ್ಟರೂ ಬೋಪಣ್ಣನ ಹತ್ತಿರ ಕೇಳುವುದು ವಿನಾಯಿತಿ ಪತ್ರವನ್ನು.

ಎರಡನೆಯದು ದೃಶ್ಯ 14, ಹುತ್ತರಿ ಅಂದರೆ ಹೊಸ ಭತ್ತದ ಕದಿರು ತೆಗೆಯುವ ಹಬ್ಬದ ರಾತ್ರಿ. ಇದು ನನ್ನ ನಿದ್ದೆ ಕೆಡಿಸಿತು.

‘ಹುತ್ತರಿ ರಾತ್ರಿ. ಕದಿರು ತೆಗೆಯುವ ಮುನ್ನ ಕೋವಿ ಹಾರುತ್ತದೆ. ಸದ್ದು ಕೇಳುತ್ತಲೇ ಬೋಪಣ್ಣನ ಕಣ್ಣು ಕೆಂಪಾಗುತ್ತದೆ. ಫ್ಲ್ಯಾಶ್‌ಬ್ಯಾಕ್. ಜಾಫ್ನಾದ ದಟ್ಟ ಕಾಡು. ಬಾಂಬುಗಳ ಸುರಿಮಳೆ. ಗೆಳೆಯನ ರಕ್ತಸಿಕ್ತ ಮುಖ. ಬೋಪಣ್ಣ: ಇಲ್ಲಾಆಆ!’

ಒಂದೊಂದೇ ನೋಡೋಣ. ‘ಜಾಫ್ನಾದ ದಟ್ಟ ಕಾಡು.’ ಜಾಫ್ನಾ ಅಂದರೆ ತಾಳೆ ಮರ, ಬೇಲಿ, ಓಣಿ, ಮನೆ. ಸಪಾಟು ನೆಲ. 1987ರ ಅಕ್ಟೋಬರಿನಲ್ಲಿ ನಮ್ಮವರು ಅಲ್ಲಿ ಕಾದಾಡಿದ್ದು ಬೀದಿ ಬೀದಿಯಲ್ಲಿ, ಮನೆ ಮನೆಯಲ್ಲಿ. ಕಾಡು ಬೇಕೆಂದರೆ ನಿಮ್ಮ ಹವಾಲ್ದಾರನನ್ನು ಮುಲ್ಲೈತೀವು ಕಡೆಗೆ ಕಳಿಸಿ. ‘ಬಾಂಬುಗಳ ಸುರಿಮಳೆ.’ ಯಾರು ಸುರಿಸಿದರು? ಆಗ ಲಂಕೆಯ ಬಂಡುಕೋರ ತಮಿಳು ಹುಲಿಗಳ ಹತ್ತಿರ ವಿಮಾನ ಎಲ್ಲಿತ್ತು? ಹೆಲಿಕಾಪ್ಟರ್ ಇದ್ದದ್ದು ನಮ್ಮ ಹತ್ತಿರ. ನಮ್ಮ ಹುಡುಗರು ಹೆದರುತ್ತಿದ್ದದ್ದು ಆಕಾಶಕ್ಕಲ್ಲ, ನೆಲಕ್ಕೆ. ರಸ್ತೆಯಲ್ಲಿ, ಮೋರಿ ಕೆಳಗೆ, ಮನೆಯ ಹೊಸಿಲಲ್ಲಿ ಹೂತಿಟ್ಟ ನೆಲಬಾಂಬಿಗೆ. 1990ರ ಮಾರ್ಚಿನಲ್ಲಿ ಪಡೆ ವಾಪಸ್ಸಾಗುವ ಹೊತ್ತಿಗೆ ಸುಮಾರು 1,200 ಮಂದಿ ಹೋಗಿದ್ದರು. ‘ಇಲ್ಲಾಆಆ!’ ಇದು ಇಂಗ್ಲಿಷ್ ಸಿನಿಮಾದವನ ಕಿರುಚಾಟ. ನಮ್ಮ ಕಡೆ ಜೀವ ಹೋಗುವಾಗ ‘ಅವ್ವಾ’ ಅನ್ನುತ್ತಾರೆ, ‘ಅಯ್ಯೋ’ ಅನ್ನುತ್ತಾರೆ. ಎಷ್ಟೋ ಸಲ ಏನೂ ಅನ್ನುವುದಿಲ್ಲ.

ಇನ್ನು ಆ ಹುತ್ತರಿಯ ಗುಂಡು. ಈ ಮನುಷ್ಯ ತೊಟ್ಟಿಲಲ್ಲಿದ್ದಾಗಿನಿಂದ ಕೋವಿ ಸದ್ದು ಕೇಳಿದವನು. ಕೈಲ್‌ಪೊಳ್ದಿಗೆ, ಅಂದರೆ ಕೊಡವರ ಆಯುಧಪೂಜೆ ಹಬ್ಬಕ್ಕೆ, ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜೆ ಮಾಡಿದವನು, ತೆಂಗಿನಕಾಯಿಗೆ ಗುರಿ ಇಟ್ಟವನು. ಹಬ್ಬದ ಕೋವಿಗೂ ಎಕೆ 47ರ ಸದ್ದಿಗೂ ಇರುವ ಫರಕು ಅವನ ಕಿವಿಗೆ ಗೊತ್ತಿಲ್ಲವೆ? ಸದ್ದಿಗೆ ಬೆಚ್ಚುವ ಸೈನಿಕರಿಲ್ಲ ಅಂತ ನಾನು ಹೇಳುತ್ತಿಲ್ಲ, ಬೇಕಾದಷ್ಟು ಜನ ಇದ್ದಾರೆ. ಆದರೆ ನಿಮ್ಮ ಬೋಪಣ್ಣ ಬೆಚ್ಚಿದ್ದು ಲಂಕೆಯಲ್ಲಿ ಕಂಡದ್ದಕ್ಕಲ್ಲ, ನೀವು ಟಿವಿಯಲ್ಲಿ ಕಂಡದ್ದಕ್ಕೆ. ವಿಯೆಟ್ನಾಮಿನಿಂದ ಮರಳಿದ ಅಮೆರಿಕನ್ನರ ಸಂಕಟ ನೋಡಿದ ಮೇಲೆ ಅಲ್ಲಿನ ಮನೋವೈದ್ಯರ ಸಂಘ 1980ರಲ್ಲಿ ಆಘಾತದ ನಂತರ ಮನಸ್ಸನ್ನು ಕಾಡುವ ಈ ಕಾಯಿಲೆಗೆ ಪಿಟಿಎಸ್‌ಡಿ ಅಂತ ಹೆಸರಿಟ್ಟು ತನ್ನ ಕೈಪಿಡಿಗೆ ಸೇರಿಸಿತು. ಹಾಲಿವುಡ್ ಅದಕ್ಕೊಂದು ಮುಖ ಕೊಟ್ಟಿತು. ನೀವು ಆ ಮುಖಕ್ಕೆ ಕೊಡವರ ಉಡುಪಾದ ಕುಪ್ಯ ಚೇಲೆ ಉಡಿಸಿದ್ದೀರಿ.

ಇದನ್ನೆಲ್ಲ ಹೇಳಲು ನನಗೇನು ಅಧಿಕಾರ ಅಂತ ಕೇಳಬಹುದು. ಇದೇ ತಪ್ಪನ್ನು ನಾನು ನಿಮಗಿಂತ ಕೆಟ್ಟದಾಗಿ ಮಾಡಿದ್ದೇನೆ. ಅದೂ ಸತ್ತವರೊಬ್ಬರ ಮೇಲೆ.

ತೊಂಬತ್ತರ ದಶಕದ ಆರಂಭ. ಒಂದು ವಾರಪತ್ರಿಕೆಗೆ ಸೇರಿದ್ದೆ. ಸಂಬಳ ಹೇಳಿದರೆ ನಗುತ್ತೀರಿ. ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಮಳೆಗಾಲದಲ್ಲಿ ಕಾಗದವೆಲ್ಲ ತಂಡಿ ಹಿಡಿದು ಹಪ್ಪಳ ನೆನೆದ ಹಾಗಾಗುತ್ತಿತ್ತು. ಹೊಸಬನಿಗೆ ಕೊಡುವ ಕೆಲಸ ನಿಧನ ವಾರ್ತೆ. ಕೊಡಗಿನಲ್ಲಿ ನಿಧನ ವಾರ್ತೆ ಅಂದರೆ ವಾರಕ್ಕೊಬ್ಬರಾದರೂ ಮಾಜಿ ಸೈನಿಕರು. ಒಂದು ವಾರ ಲಂಕೆಗೆ ಹೋಗಿಬಂದಿದ್ದ ಸುಬೇದಾರರೊಬ್ಬರ ಸುದ್ದಿ ಬಂತು. ಎದೆನೋವು, ಐವತ್ತೂ ಆಗಿರಲಿಲ್ಲ. ನನಗೆ ಹುರುಪು ಬಂತು. ‘ಶತ್ರುಗಳ ಎದೆ ನಡುಗಿಸಿದ ಗಂಡುಗಲಿ ಇನ್ನಿಲ್ಲ’ ಅಂತ ಶುರು ಮಾಡಿ, ಸಿಡಿಗುಂಡುಗಳ ನಡುವೆ ಎದೆಯೊಡ್ಡಿದರು, ಆ ಘೋರ ದೃಶ್ಯಗಳು ಕೊನೆವರೆಗೂ ಕಾಡುತ್ತಿದ್ದವು ಅಂತೆಲ್ಲ ಒಂದೂವರೆ ಕಾಲಂ ತುಂಬಿಸಿದೆ. ಮನೆಯವರನ್ನು ಒಂದು ಮಾತೂ ಕೇಳಿರಲಿಲ್ಲ.

ಮುಂದಿನ ವಾರ ಅವರ ಹೆಂಡತಿ ಬಸ್ಸಿಳಿದು ನೇರ ಕಚೇರಿಗೆ ಬಂದರು. ಒದ್ದೆ ಕೊಡೆಯನ್ನು ಬಾಗಿಲ ಮೂಲೆಗಿಟ್ಟು, ಮಡಚಿದ ಪತ್ರಿಕೆಯನ್ನು ನನ್ನ ಮುಂದೆ ಬಿಡಿಸಿದರು.

‘ಇದು ಯಾರ ಬಗ್ಗೆ ಬರ್ದದ್ದು?’

ಜಗಳ ಮಾಡಲು ಬಂದಿರಲಿಲ್ಲ. ನಿಜವಾಗಿಯೂ ಅವರಿಗೆ ಗುರುತು ಸಿಕ್ಕಿರಲಿಲ್ಲ. ನಮ್ಮ ಸಂಪಾದಕರು ಅವರನ್ನು ಕೂರಿಸಿ, ಕಾಫಿಗೆ ಹೇಳಿಕಳಿಸಿ, ನನ್ನ ಕಡೆ ತಿರುಗಿ ಒಂದೇ ಮಾತು ಅಂದರು: ‘ಬರ್ಕೊ.’

ಅವರು ಹೇಳಿದ್ದು ಇಷ್ಟು. ಮನೆಯಲ್ಲಿ ಯುದ್ಧದ ಮಾತೇ ಇರಲಿಲ್ಲ. ಕೋವಿ ಮುಟ್ಟುತ್ತಿದ್ದರು, ಕೈಲ್‌ಪೊಳ್ದಿಗೆ ತೆಂಗಿನಕಾಯಿ ಹೊಡೆದು ಎರಡು ಸಲ ಬಹುಮಾನವನ್ನೂ ತಂದಿದ್ದರು. ರಾತ್ರಿ ಕಿರುಚಿಕೊಂಡವರಲ್ಲ. ಆದರೆ ಹೊಸದಾಗಿ ಅಗೆದ ಮಣ್ಣಿನ ಮೇಲೆ ಕಾಲಿಡುತ್ತಿರಲಿಲ್ಲ. ತೋಟದಲ್ಲಿ ಕಾಫಿ ಗಿಡ ನೆಡಲು ಒಂದೂವರೆ ಅಡಿ ಗುಂಡಿ ತೆಗೆಸಿ ಮುಚ್ಚಿಸಿದ ವರ್ಷ, ಆ ಸಾಲು ದಾಟಬೇಕಾದಾಗಲೆಲ್ಲ ಬೇಲಿ ಪಕ್ಕದಿಂದ ಸುತ್ತಿಕೊಂಡು ಹೋಗುತ್ತಿದ್ದರು. ಕೆಲಸದವರು ನಕ್ಕರು. ಎರಡು ಮಳೆ ಬಿದ್ದು ಮಣ್ಣು ಕೂತು, ಹುಲ್ಲು ಬಂದ ಮೇಲೆ ಸರಿಯಾಗಿ ನಡೆದಾಡಿದರು. ಅವರ ಚಿಕ್ಕ ತಮ್ಮ ತೀರಿಕೊಂಡಾಗ ಮಣ್ಣು ಮಾಡುವ ಜಾಗದಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಂತವರು ನಿಂತೇ ಇದ್ದರು. ಒಂದು ಹಿಡಿ ಮಣ್ಣು ಹಾಕಲು ಕರೆದರೂ ಬರಲಿಲ್ಲ. ಸುಬೇದಾರನಿಗೆ ಪೊಗರು ಅಂತ ಊರು ಮಾತಾಡಿಕೊಂಡಿತು. ಕೊನೆಯ ಮಾತು ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ: ‘ಆ ದಿನ ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕಾಲ್ಬೆರಳು ಒಳಗೆ ಮಡಚಿಕೊಂಡಿದ್ರು.’

ಮುಂದಿನ ಸಂಚಿಕೆಯಲ್ಲಿ ಏಳು ಸಾಲು ಅಚ್ಚಾಯಿತು. ಮೊಳೆ ಜೋಡಿಸಿದವನೂ ನಾನೇ, ಸಂಪಾದಕರು ಹಟ ಮಾಡಿ ನನ್ನಿಂದಲೇ ಮಾಡಿಸಿದರು. ತಮ್ಮನ ವಿಷಯ ಹಾಕಲಿಲ್ಲ, ಅವರು ಬೇಡ ಅಂದಿದ್ದರು. ಊರು ಹೆಸರು ಯಾವುದೂ ಇಲ್ಲದೆ ಈಗ ನಿಮಗೆ ಮಾತ್ರ ಹೇಳುತ್ತಿದ್ದೇನೆ. ಇದನ್ನು ಎತ್ತಿ ಬೋಪಣ್ಣನ ಕಾಲಿಗೆ ಕಟ್ಟಬೇಡಿ. ನಿಮ್ಮ ಕಡೆಯೂ ಲಂಕೆಗೆ, ಕಾರ್ಗಿಲ್‌ಗೆ, ಸಿಯಾಚಿನ್‌ಗೆ ಹೋಗಿಬಂದವರ ಮನೆಗಳಿವೆ. ಹೋಗಿ ಕೂತುಕೊಳ್ಳಿ. ಯುದ್ಧದ ಬಗ್ಗೆ ಕೇಳಬೇಡಿ. ಕರಿಮೆಣಸಿನ ರೇಟು ಕೇಳಿ, ಮಳೆ ಎಷ್ಟು ಇಂಚು ಬಂತು ಕೇಳಿ. ಹೆಂಗಸರು ಒಳಗಿನಿಂದ ಬಂದು ಏನಾದರೂ ಹೇಳಿದರೆ ಕಿವಿಗೊಡಿ.

ನಿಮಗೆ ಇದು ಬರುವುದಿಲ್ಲ ಅಂತಲೂ ಅಲ್ಲ. ದೃಶ್ಯ 31ರಲ್ಲಿ ಬಟವಾಡೆ ದಿನ ಮೇಸ್ತ್ರಿ ಕುರ್ಚಿಯನ್ನು ಅಂಗಳಕ್ಕೆ ಬೆನ್ನಾಗಿ ಇಟ್ಟಿರುತ್ತಾನೆ. ಬೋಪಣ್ಣ ಮಾತಿಲ್ಲದೆ ಅದನ್ನೆತ್ತಿ ಗೋಡೆಗೆ ಒತ್ತಿಟ್ಟು ಕೂರುತ್ತಾನೆ. ಮುಂದಿನ ವಾರ ಮೇಸ್ತ್ರಿಯೇ ಗೋಡೆಗೆ ಒತ್ತಿಟ್ಟಿರುತ್ತಾನೆ. ಮೂರು ಸಾಲು, ಸಂಗೀತವಿಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ. ಬರೆಯುವಾಗ ನಿಮಗೇ ಗೊತ್ತಾಗಲಿಲ್ಲ ಅಂತ ಕಾಣುತ್ತದೆ. ಗೊತ್ತಾಗಿದ್ದರೆ ಅದಕ್ಕೂ ಒಂದು ‘ಇಲ್ಲಾಆಆ’ ಅಂಟಿಸುತ್ತಿದ್ದಿರಿ.

ಹಸ್ತಪ್ರತಿಯನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. 63ನೇ ಪುಟದ ಕಾಫಿ ಕಲೆ ನನ್ನದೇ, ಕ್ಷಮಿಸಿ. ಹುತ್ತರಿಗೆ ಊರಿಗೆ ಬಂದರೆ ತಿದ್ದಿದ ಪ್ರತಿಯೊಂದಿಗೆ ಕಚೇರಿಗೆ ಬನ್ನಿ. ಮಧ್ಯಾಹ್ನ ಮೂರರ ನಂತರ ಬನ್ನಿ, ಬೆಳಿಗ್ಗೆ ನಾನು ಮನುಷ್ಯನಾಗಿರುವುದಿಲ್ಲ.

ಹಾಂ, ಲೆಕ್ಕ ಒಂದು ಬಾಕಿ ಇದೆ. 1987ರಲ್ಲಿ ಇಪ್ಪತ್ತೆರಡು ಇದ್ದವನಿಗೆ ಈಗ ಅರವತ್ತು ದಾಟಿರಬೇಕು. ನಿಮ್ಮ ಬೋಪಣ್ಣ ಕೊನೆಯ ದೃಶ್ಯದಲ್ಲಿ ಓಡುವ ಲಾರಿಯಿಂದ ಇನ್ನೊಂದು ಲಾರಿಗೆ ಹಾರುತ್ತಾನೆ. ಮಂಡಿಗೆ ಏನು ಎಣ್ಣೆ ಹಚ್ಚುತ್ತಾನೆ ಅಂತ ಕೇಳಿ ತಿಳಿಸಿ, ನನಗೂ ಬೇಕಾಗಿದೆ.

ಇಂತಿ,
ಸಂಪಾದಕ