ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲ್ಲಿಗೆ ಬಡಿದ ಲಾನ್ ಮೊವರ್

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮೈದಾನದ ಹುಲ್ಲು ಕತ್ತರಿಸಲು ನಮ್ಮ ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಪೆಟ್ರೋಲ್ ಲಾನ್ ಮೊವರ್ ಇದೆ. ಅದರ ಎಂಜಿನ್ನಿನ ಮೇಲೆ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಬ ಹೆಸರಿದೆ. ಕಳೆದ ತಿಂಗಳು ಹುಲ್ಲಿನಲ್ಲಿ ಮರೆಯಾಗಿದ್ದ ಕಲ್ಲಿಗೆ ಬ್ಲೇಡ್ ಬಡಿದು ಯಂತ್ರ ಒಮ್ಮೆಲೇ ನಿಂತುಹೋಯಿತು. ಅಂದಿನಿಂದ ಹಗ್ಗ ಎಳೆದರೆ ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಒದೆಯುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನೇ ಹೋಗಿದೆ, ಹೊಸದು ಕೊಳ್ಳಿ ಎಂದು ಇಲ್ಲಿನ ಮೆಕ್ಯಾನಿಕ್ ಒಬ್ಬರು ಹೇಳಿದರು. ಬಿಡಿಭಾಗ ವಿಚಾರಿಸಿದರೆ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲ. ದುರಸ್ತಿ ಸಾಧ್ಯವೇ?

ಉತ್ತರ: ಸಾಧ್ಯವಿರುವ ಸಂಭವವೇ ಹೆಚ್ಚು. ನೀವು ವಿವರಿಸಿರುವ ಲಕ್ಷಣ, ಅಂದರೆ ಪೆಟ್ಟು ಬಿದ್ದ ಕೂಡಲೇ ನಿಂತು, ಆಮೇಲೆ ಹಗ್ಗ ಹಿಂದಕ್ಕೆ ಒದೆಯುವುದು, ಬಹುಪಾಲು ಒಂದು ಸಣ್ಣ ಭಾಗದ ಕಡೆಗೆ ಬೆರಳು ತೋರಿಸುತ್ತದೆ: ಫ್ಲೈವೀಲ್ ಎಂಬ ಭಾರದ ಚಕ್ರದ ಸ್ಥಾನವನ್ನು ಗೊತ್ತುಮಾಡುವ ಫ್ಲೈವೀಲ್ ಕೀ. ಆದರೆ ಅದನ್ನು ಹುಡುಕುವ ಮೊದಲು ಕ್ರ್ಯಾಂಕ್‌ಶಾಫ್ಟ್, ಅಂದರೆ ಬ್ಲೇಡನ್ನು ತಿರುಗಿಸುವ ಎಂಜಿನ್ನಿನ ದಂಡ, ಬಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಶಾಫ್ಟ್ ಬಾಗಿದ್ದರೆ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಎಲ್ಲಕ್ಕಿಂತ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ದೂರ ಸರಿಸಿ, ಪ್ಲಗ್ಗನ್ನೂ ಬಿಚ್ಚಿ ತೆಗೆದುಬಿಡಿ. ಬ್ಲೇಡಿಗೆ ಕೈಹಾಕುವ ಯಾವ ಕೆಲಸವನ್ನೂ ಇದನ್ನು ಮಾಡದೆ ಆರಂಭಿಸಬಾರದು. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಏರ್ ಫಿಲ್ಟರ್ ಮೇಲ್ಮುಖವಾಗುವಂತೆ ಯಂತ್ರವನ್ನು ಒರಗಿಸಿ. ಫಿಲ್ಟರ್ ಕೆಳಗಾದರೆ ಎಂಜಿನ್ನಿನ ಎಣ್ಣೆ ಅದರೊಳಗೆ ಹರಿದು ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ.

ಈಗ ದಪ್ಪ ಕೈಗವಸು ಹಾಕಿಕೊಂಡು, ಬ್ಲೇಡಿನ ಒಂದು ತುದಿಗೆ ಸೀಮೆಸುಣ್ಣದಿಂದ ಗುರುತು ಮಾಡಿ. ಆ ತುದಿಯನ್ನು ತಗಡಿನ ಹೊದಿಕೆಯ ಅಂಚಿನಲ್ಲಿ ಒಂದು ಜಾಗಕ್ಕೆ ತಂದು, ಅಂಚಿಗೂ ತುದಿಗೂ ಇರುವ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ, ಇನ್ನೊಂದು ತುದಿಯನ್ನು ಅದೇ ಜಾಗದಲ್ಲಿ ಅಳೆಯಿರಿ. ಎರಡರ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಏನೋ ಬಾಗಿದೆ ಎಂದರ್ಥ. ಬಾಗಿರುವುದು ಬ್ಲೇಡೋ ಶಾಫ್ಟೋ ಎಂದು ತಿಳಿಯಲು, ಶಾಫ್ಟನ್ನು ಅಲುಗಿಸದೆ ಬ್ಲೇಡನ್ನು ಬಿಚ್ಚಿ, ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಬಿಗಿದು ಅಳೆಯಿರಿ. ಮೊದಲು ತಗ್ಗಿದ್ದ ತುದಿಯೇ ಈಗಲೂ ತಗ್ಗಿದ್ದರೆ ಬಾಗಿರುವುದು ಬ್ಲೇಡ್. ಈಗ ಇನ್ನೊಂದು ತುದಿ ತಗ್ಗಾಗಿ ಬಂದರೆ ತಪ್ಪು ಶಾಫ್ಟಿನಲ್ಲಿದೆ, ಇಲ್ಲವೇ ಬ್ಲೇಡನ್ನು ಹಿಡಿದಿರುವ ಅಡಾಪ್ಟರಿನಲ್ಲಿದೆ. ಅಡಾಪ್ಟರನ್ನೂ ತೆಗೆದು, ಹಗ್ಗವನ್ನು ನಿಧಾನವಾಗಿ ಎಳೆಸುತ್ತಾ ಶಾಫ್ಟಿನ ಬರಿಯ ತುದಿಯನ್ನು ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಸರಿಯಿರುವ ಶಾಫ್ಟಿನ ನಡುವಿನ ಬೋಲ್ಟ್ ರಂಧ್ರ ನಿಂತಲ್ಲೇ ತಿರುಗುತ್ತದೆ. ಬಾಗಿದ್ದರೆ ಅದು ಸಣ್ಣ ವೃತ್ತ ಹಾಕುತ್ತದೆ.

ಬಾಗಿದ ಶಾಫ್ಟನ್ನು ಲೇತ್‌ನವರ ಬಳಿ ನೇರ ಮಾಡಿಸಿ ಹಾಕಿಕೊಳ್ಳುವ ಆಲೋಚನೆಯನ್ನು ದಯವಿಟ್ಟು ಬಿಡಿ. ಇದು ಶಾಲೆಯ ಮೈದಾನವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. 53 ಸೆಂಟಿಮೀಟರ್ ಉದ್ದದ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್ ಆಗುತ್ತದೆ. ಒಮ್ಮೆ ಬಾಗಿ ಮತ್ತೆ ನೇರವಾದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿದಿರಬಹುದು. ಅದು ಓಟದಲ್ಲಿ ಮುರಿದರೆ ಬ್ಲೇಡ್ ಎತ್ತ ಹಾರುತ್ತದೆಂದು ಯಾರೂ ಹೇಳಲಾರರು. ಇದೇ ಕಾರಣಕ್ಕೆ ಬಿರುಕುಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವುದೂ ಸಲ್ಲದು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡಿಸಿಕೊಳ್ಳುವ ರೂಢಿ ನಮ್ಮಲ್ಲಿದೆ, ಆ ಕತ್ತಿಗಳು ಬಹಳ ಚೆನ್ನಾಗಿಯೂ ಬಾಳುತ್ತವೆ. ಆದರೆ ಈ ವೇಗದಲ್ಲಿ ತಿರುಗುವ ಬ್ಲೇಡಿಗೆ ಅದು ತಕ್ಕುದಲ್ಲ.

ಶಾಫ್ಟ್ ನೇರವಾಗಿದೆಯೆಂದು ಕಂಡರೆ ಮೇಲಿನ ಭಾಗಕ್ಕೆ ಬನ್ನಿ. ಹಗ್ಗದ ಮುಚ್ಚಳವನ್ನೂ ಅದರ ಕೆಳಗಿನ ಗಾಳಿ ಕವಚವನ್ನೂ ಬಿಚ್ಚಿದರೆ ಫ್ಲೈವೀಲ್ ಕಾಣುತ್ತದೆ. ಅದರ ನಟ್ ತೆಗೆದ ಮೇಲೆ, ಶಾಫ್ಟಿನ ಹಾಗೂ ಫ್ಲೈವೀಲಿನ ಗಾಡಿಗಳು, ಅಂದರೆ ಕೊರೆದ ಸೀಳುಗಳು, ಒಂದಕ್ಕೊಂದು ನೇರವಾಗಿ ಕೂಡಿವೆಯೇ ಎಂದು ಟಾರ್ಚ್ ಹಿಡಿದು ನೋಡಿ. ಆ ಗಾಡಿಯೊಳಗೆ ಕುಳಿತಿರುವ ಪುಟ್ಟ ಲೋಹದ ತುಂಡೇ ಕೀ. ಕೂದಲೆಳೆಯಷ್ಟು ಜರುಗಿದ್ದರೂ ಅದರ ಮೈಯಲ್ಲಿ ಮೆಟ್ಟಿಲಿನಂತಹ ತಗ್ಗು ಮೂಡಿರುತ್ತದೆ, ಉಗುರಿನಿಂದ ಸವರಿದರೆ ತಡೆಯುತ್ತದೆ. ಪಿಸ್ಟನ್ ಮೇಲಕ್ಕೆ ತಲುಪುವುದಕ್ಕೆ ತುಸು ಮೊದಲು ಕಿಡಿ ಹಾರಬೇಕು. ಆ ಗಳಿಗೆಯನ್ನು ಗೊತ್ತುಮಾಡುವುದು ಫ್ಲೈವೀಲಿನ ಮೇಲಿರುವ ಅಯಸ್ಕಾಂತ. ಕಲ್ಲಿಗೆ ಬಡಿದು ಶಾಫ್ಟ್ ತಟ್ಟನೆ ನಿಂತಾಗ, ಭಾರದ ಫ್ಲೈವೀಲ್ ಓಟದ ರಭಸದಲ್ಲಿ ಇನ್ನಷ್ಟು ಮುಂದಕ್ಕೆ ತಿರುಗಿಬಿಡುತ್ತದೆ. ಆದ್ದರಿಂದ ಕಿಡಿ ಬೇಗನೆ ಹಾರಿ, ಮೇಲಕ್ಕೆ ಬರುತ್ತಿರುವ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ನಿಮ್ಮ ಕೈಗೆ ಸಿಗುತ್ತಿರುವ ಒದೆತ ಅದೇ.

ಫ್ಲೈವೀಲನ್ನು ಪುಲ್ಲರ್ ಎಂಬ ಎಳೆಯುವ ಸಾಧನದಿಂದಲೇ ಎಬ್ಬಿಸಿ, ಸುತ್ತಿಗೆಯಿಂದ ಹೊಡೆಯಬೇಡಿ. ನಿಮ್ಮ ಎಂಜಿನ್ ತಯಾರಕರು ಈ ಕೀಯನ್ನು ಮೆದು ಲೋಹದಲ್ಲಿ ಮಾಡುತ್ತಾರೆ. ಅದು ದೋಷವಲ್ಲ, ಉದ್ದೇಶ. ದೊಡ್ಡ ಭಾಗಗಳಿಗೆ ಬೀಳಬೇಕಾದ ಪೆಟ್ಟನ್ನು ಅದು ತಾನು ಹೊತ್ತುಕೊಳ್ಳುತ್ತದೆ. ಸಿಗಲಿಲ್ಲವೆಂದು ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಕೂರಿಸಿದರೆ, ಮುಂದಿನ ಕಲ್ಲಿನ ಪೆಟ್ಟು ಶಾಫ್ಟಿನ ಗಾಡಿಯನ್ನೇ ಕೆಡಿಸಬಹುದು. ಹೊಸ ಕೀ ಹಾಕುವಾಗ ಶಾಫ್ಟಿನ ತುದಿಯತ್ತ ಸಣ್ಣಗಾಗುವ ಇಳಿಜಾರು ಭಾಗವನ್ನು ಎಣ್ಣೆಯ ಪಸೆಯಿಲ್ಲದಂತೆ ಒರೆಸಿ, ನಟ್ಟನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಯಿಸಿ. ಫ್ಲೈವೀಲನ್ನು ಹಿಡಿದಿಡುವುದು ಆ ಇಳಿಜಾರಿನ ಹಿಡಿತ, ಕೀ ಕೇವಲ ಅದರ ಸ್ಥಾನವನ್ನು ತೋರಿಸುತ್ತದೆ.

ಇನ್ನು ಬಿಡಿಭಾಗದ ಪ್ರಶ್ನೆ. ಯಂತ್ರದ ಹೊದಿಕೆ ಮಾಡಿದವರೊಬ್ಬರು, ಎಂಜಿನ್ ಮಾಡಿದವರೊಬ್ಬರು ಎಂಬುದನ್ನು ನೆನಪಿಡಿ. ಅಂಗಡಿಯಲ್ಲಿ "ಲಾನ್ ಮೊವರಿನ ಕೀ ಕೊಡಿ" ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ನಿಮ್ಮ ಎಂಜಿನ್ನಿನ ಗಾಳಿ ಕವಚದ ಮೇಲೋ ಸ್ಪಾರ್ಕ್ ಪ್ಲಗ್ಗಿನ ಮೇಲ್ಭಾಗದ ಲೋಹದಲ್ಲೋ ಮಾಡೆಲ್, ಟೈಪ್, ಕೋಡ್ ಎಂಬ ಮೂರು ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ಧೂಳು ಮೆತ್ತಿದ್ದರೆ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಫೋಟೊ ತೆಗೆದುಕೊಳ್ಳಿ. ಕೋಡ್ ಎಂಬುದು ತಯಾರಿಕೆಯ ದಿನಾಂಕ: 0605ರಿಂದ ಆರಂಭವಾದರೆ 2006ನೇ ಇಸವಿಯ ಮೇ ತಿಂಗಳು. ಈ ಮೂರನ್ನೂ ಬರೆದು ತಯಾರಕರ ಭಾಗಗಳ ಪಟ್ಟಿಯಲ್ಲಿ ನೋಡಿದರೆ ಕೀ, ಗ್ಯಾಸ್ಕೆಟ್, ಕಾರ್ಬುರೇಟರ್ ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಹಿಡಿದು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಯಂತ್ರದ ಅಂಗಡಿಗಳಲ್ಲಿ ವಿಚಾರಿಸಬಹುದು, ಅಧಿಕೃತ ಮಾರಾಟಗಾರರಿಂದ ಕೊರಿಯರ್‌ನಲ್ಲಿಯೂ ತರಿಸಬಹುದು. ಬ್ಲೇಡಿಗೆ ಮಾತ್ರ ಹೊದಿಕೆಯ ತಯಾರಕರ ಹೆಸರು ಬೇಕು. ಅದು ಅಳಿಸಿಹೋಗಿದ್ದರೆ ಒಂದು ತುದಿಯ ಮೂಲೆಯಿಂದ ಎದುರು ತುದಿಯ ಮೂಲೆಯವರೆಗಿನ ಉದ್ದ, ನಡುವಿನ ರಂಧ್ರದ ಆಕಾರ ಮತ್ತು ವ್ಯಾಸ, ಪಕ್ಕದ ರಂಧ್ರಗಳಿದ್ದರೆ ಅವುಗಳ ನಡುವಿನ ಅಂತರ, ಇಷ್ಟನ್ನೂ ಬರೆದುಕೊಂಡು, ಹಳೆಯ ಬ್ಲೇಡನ್ನೂ ಜೊತೆಗೆ ಒಯ್ಯಿರಿ.

ಕೀ ಬದಲಿಸಿದ ಮೇಲೂ ಎಂಜಿನ್ ಮುನಿಸಿಕೊಂಡರೆ ಕಾರ್ಬುರೇಟರ್ ಬಿಚ್ಚಿಸಿ ನೋಡಿ. ಎಥೆನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ನಿಮ್ಮ ಎಂಜಿನ್ನಿನ ಕೈಪಿಡಿ ಒಪ್ಪುವುದು ಶೇ. 10ರವರೆಗಿನ ಎಥೆನಾಲನ್ನು, ನಮ್ಮ ಬಂಕುಗಳಲ್ಲಿ ಈಗ ಶೇ. 20ರ ಮಿಶ್ರಣ ಸಾಮಾನ್ಯವಾಗಿದೆ. ಬೇಸಿಗೆಯಲ್ಲಿ ಯಂತ್ರವನ್ನು ಮೂಲೆಗಿಡುವ ಮುನ್ನ ಟ್ಯಾಂಕನ್ನು ಬರಿದು ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ.

ಪ್ರಶ್ನೆ: ಧಾರವಾಡದ ನಮ್ಮ ಮನೆಯಲ್ಲಿ ತಂದೆಯವರ ಕಾಲದ, ಕೈಯಿಂದ ತಳ್ಳುವ ಉರುಳೆ ಮೊವರ್ ಇದೆ. ಹೆಸರಿನ ಪಟ್ಟಿ ಬಿದ್ದುಹೋಗಿದೆ. ಹುಲ್ಲನ್ನು ಕತ್ತರಿಸದೆ ಕೀಳುತ್ತದೆ, ಉರುಳೆಯೂ ಅಲುಗಾಡುತ್ತದೆ. ಇದಕ್ಕೆ ಭಾಗಗಳು ದೊರೆಯುತ್ತವೆಯೇ?

ಉತ್ತರ: ನಿಮ್ಮ ಯಂತ್ರಕ್ಕೆ ಹೆಸರೇ ಬೇಕಾಗಿಲ್ಲ, ಅಳತೆ ಸಾಕು. ಅಲುಗಾಟಕ್ಕೆ ಸಾಮಾನ್ಯ ಕಾರಣ ಬೇರಿಂಗ್. ಬಿಚ್ಚಿದಾಗ ಇಡಿಯ ಬೇರಿಂಗ್ ಸಿಕ್ಕರೆ ಅದರ ಪಕ್ಕದಲ್ಲಿ ಸಂಖ್ಯೆ ಕೊರೆದಿರುತ್ತದೆ. 6203 ಎಂದಿದ್ದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್. ಲೋಕದ ಯಾವ ಕಂಪನಿಯ 6203 ಆದರೂ ಇದೇ ಅಳತೆ, ಬೇರಿಂಗ್ ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಸೈಕಲ್ ಹಬ್ಬಿನಲ್ಲಿರುವಂತೆ ಬಟ್ಟಲಿನಲ್ಲಿ ಬಿಡಿ ಗುಂಡುಗಳಿದ್ದರೆ, ಒಂದೆರಡನ್ನು ಸೈಕಲ್ ಅಂಗಡಿಗೆ ಒಯ್ದು ಅದೇ ಗಾತ್ರದವನ್ನು ತಂದು, ಗ್ರೀಸ್ ತುಂಬಿ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಹುಲ್ಲು ಕೀಳುವುದು ಉರುಳೆಯ ಅಲಗುಗಳಿಗೂ ಕೆಳಗಿನ ಸ್ಥಿರ ಪಟ್ಟಿಗೂ ನಡುವೆ ಸಂದು ಬಿದ್ದಾಗ. ಬೇರಿಂಗ್ ಸರಿಯಾದ ಮೇಲಷ್ಟೇ ಇದಕ್ಕೆ ಕೈಹಾಕಿ. ಎಂಜಿನ್ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ಅಲಗುಗಳಿಗೆ ಸವರಿ, ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸುತ್ತಾ ಹೋದರೆ ಎರಡೂ ಅಂಚುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಪೇಸ್ಟನ್ನು ಚೆನ್ನಾಗಿ ತೊಳೆದು, ಎರಡೂ ಬದಿಯ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಸಮನಾಗಿ ಬಿಗಿಯುತ್ತಾ, ಪತ್ರಿಕೆಯ ಕಾಗದದ ತುಂಡನ್ನು ಸಂದಿಗೆ ಹಿಡಿದು ಉರುಳೆಯನ್ನು ನಿಧಾನವಾಗಿ ತಿರುಗಿಸಿ. ಬೆರಳು ಅಲಗಿನಿಂದ ದೂರವಿರಲಿ. ಪಟ್ಟಿಯ ಎಡತುದಿ, ನಡುಭಾಗ, ಬಲತುದಿ ಮೂರು ಕಡೆಯೂ ಕಾಗದ ಮಡಚಿಕೊಳ್ಳದೆ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾದರೆ ಯಂತ್ರ ಸಿದ್ಧವಾಗಿದೆ.