ಮನಸ್ಸಿನ ಏರಿಳಿತ: ನಿಮ್ಮ ಪ್ರಶ್ನೆ, ಮನೋವೈದ್ಯರ ಉತ್ತರ

ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆಯ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಇಲ್ಲಿರುವ ಡೋಸ್‌ಗಳು ತಿಳಿವಳಿಕೆಗಾಗಿ. ಇದನ್ನು ಓದಿ ನಿಮ್ಮಷ್ಟಕ್ಕೆ ನೀವೇ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ.

ನನ್ನ ಗಂಡನಿಗೆ 34 ವರ್ಷ. ಎರಡು ತಿಂಗಳು ಮಂಕಾಗಿ ಕೂತಿದ್ದರು, ಅಂಗಡಿಗೆ ಹೋಗುತ್ತಿರಲಿಲ್ಲ. ವೈದ್ಯರು ಎಸಿಟಲೋಪ್ರಾಮ್ 10 ಮಿ.ಗ್ರಾಂ ಕೊಟ್ಟರು. ಮೂರನೇ ವಾರ ಗೆಲುವಾದರು ಅಂತ ಸಂತೋಷಪಟ್ಟೆವು. ಈಗ ರಾತ್ರಿ ಎರಡು ಮೂರು ಗಂಟೆಯಷ್ಟೇ ನಿದ್ದೆ, ಆದರೂ ಸುಸ್ತಿಲ್ಲ. ಮಾತು ನಿಲ್ಲುತ್ತಿಲ್ಲ. ಸಾಲ ಮಾಡಿ ಎರಡು ಬೈಕಿಗೆ ಮುಂಗಡ ಕೊಟ್ಟಿದ್ದಾರೆ. ಅತ್ತೆ ಗಾಳಿ ಸೋಕಿದೆ ಅಂತಾರೆ. — ಓದುಗರು, ಹಾವೇರಿ

ನೀವು ಬರೆದಿರುವುದು ಮೇನಿಯಾ, ಅಂದರೆ ಉನ್ಮಾದದ ಲಕ್ಷಣ. ಮುಂದಿನ ಎಸಿಟಲೋಪ್ರಾಮ್ ಮಾತ್ರೆ ಕೊಡುವ ಮೊದಲೇ, ಇವತ್ತೇ, ಆ ವೈದ್ಯರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿ. ಬಹುಪಾಲು ಅದನ್ನು ನಿಲ್ಲಿಸಲು ಹೇಳುತ್ತಾರೆ, ಬೇರೆ ಔಷಧ ಶುರು ಮಾಡುತ್ತಾರೆ.

ಆದದ್ದು ಇಷ್ಟು. ಖಿನ್ನತೆ ಹೊರಗಿನಿಂದ ಒಂದೇ ಥರ ಕಂಡರೂ ಅದರ ಹಿಂದೆ ಎರಡು ಬೇರೆ ಕಾಯಿಲೆಗಳಿರಬಹುದು. ಒಂದರಲ್ಲಿ ಮನಸ್ಸು ಕುಸಿಯುವುದು ಮಾತ್ರ ಇರುತ್ತದೆ. ಬೈಪೋಲಾರ್‌ನಲ್ಲಿ ಕೆಲವು ಸಲ ಕುಸಿತ, ಕೆಲವು ಸಲ ಮಿತಿಮೀರಿದ ಏರು. ಮೊದಲನೆಯದಕ್ಕೆ ಖಿನ್ನತೆಯ ಮಾತ್ರೆಯೇ ಮದ್ದು. ಎರಡನೆಯದರಲ್ಲಿ ಅದೇ ಮಾತ್ರೆಯನ್ನು ಒಂದನ್ನೇ ಕೊಟ್ಟರೆ ಕೆಲವರು ಮೇಲಕ್ಕೆ ಹಾರಿಬಿಡುತ್ತಾರೆ. ಬೈಪೋಲಾರ್ ಅನೇಕರಲ್ಲಿ ಕುಸಿತದಿಂದಲೇ ಶುರುವಾಗುವುದರಿಂದ ಸರಿಯಾದ ಹೆಸರು ಸಿಗಲು ವರ್ಷಗಳೇ ಹಿಡಿಯುವುದುಂಟು. ಇದನ್ನು ತಪ್ಪಿಸಬೇಕಾದರೆ ವೈದ್ಯರು ಕೇಳದಿದ್ದರೂ ನೀವಾಗಿಯೇ ಹಳೆಯದನ್ನು ಹೇಳಬೇಕು: ಹಿಂದೆ ಯಾವತ್ತಾದರೂ ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿದ್ದೆ ಕಡಿಮೆ ಮಾಡಿಯೂ ದಣಿಯದೆ ಓಡಾಡಿದ್ದರೇ, ಕೈ ಸಡಿಲ ಬಿಟ್ಟು ಖರ್ಚು ಮಾಡಿದ್ದರೇ, ವಿನಾಕಾರಣ ಜಗಳಕ್ಕೆ ನಿಂತಿದ್ದರೇ? ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಿಗಾದರೂ ಹೀಗೆ ಆಗಿತ್ತೇ? ಮೊದಲ ಕುಸಿತ 25 ವರ್ಷದೊಳಗೆ ಬಂದಿತ್ತೇ? ಆ ಗೆಲುವಿನ ದಿನಗಳನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ, ಹಾಗಾಗಿ ಹೇಳುವುದೂ ಇಲ್ಲ.

ಔಷಧ ಹತೋಟಿಗೆ ತರಲು ಒಂದರಿಂದ ಮೂರು ವಾರ ಬೇಕು. ಓಲಾಂಜಪಿನ್, ಕ್ವೆಟಿಯಾಪಿನ್, ಲಿಥಿಯಂ, ವಾಲ್ಪ್ರೊಯೇಟ್ ಇವುಗಳಲ್ಲಿ ಒಂದೋ ಎರಡೋ ಕೊಡುತ್ತಾರೆ. ಅಲ್ಲಿಯವರೆಗೆ ಎಟಿಎಂ ಕಾರ್ಡ್, ಚೆಕ್ ಪುಸ್ತಕ, ಗಾಡಿ ಕೀಲಿ, ಜಮೀನಿನ ಕಾಗದ ನಿಮ್ಮ ಕೈಯಲ್ಲಿರಲಿ. ಬೈಕ್ ಅಂಗಡಿಯವರ ಹತ್ತಿರ ಮನೆಯ ಹಿರಿಯರೊಬ್ಬರು ಹೋಗಿ ಮಾತಾಡಲಿ. ವಾದಕ್ಕೆ ಇಳಿಯಬೇಡಿ, ಆ ಸ್ಥಿತಿಯಲ್ಲಿ ತರ್ಕ ತಲೆಗೆ ಹೋಗುವುದಿಲ್ಲ, ಸಿಟ್ಟು ಮಾತ್ರ ಏರುತ್ತದೆ. ಸಂಜೆ ಮೇಲೆ ಕಾಫಿ, ಚಹಾ ಬೇಡ. ಒಂಬತ್ತಕ್ಕೆ ದೀಪ ಆರಿಸಿ, ಮೊಬೈಲ್ ತೆಗೆದಿಡಿ. ದಿನಾ ಎಷ್ಟು ಗಂಟೆ ಮಲಗಿದರೆಂದು ಬರೆದಿಡಿ. ಆ ಒಂದು ಹಾಳೆ ವೈದ್ಯರಿಗೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ತಿಳಿಸುತ್ತದೆ. ಅತ್ತೆಯವರು ಹರಕೆ ಹೊತ್ತರೆ ಹೊರಲಿ, ಅದಕ್ಕಾಗಿ ಜಗಳ ಬೇಡ. ಮಾತ್ರೆ ಮಾತ್ರ ತಪ್ಪಬಾರದು.

ಅಪ್ಪನಿಗೆ 61. ಎಂಟು ವರ್ಷದಿಂದ ಲಿಥಿಯಂ ತಗೊಂಡು ಚೆನ್ನಾಗಿದ್ದಾರೆ. ಇತ್ತೀಚೆಗೆ ಬಿಪಿ ಮಾತ್ರೆ ಶುರುವಾಗಿದೆ, ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರೆ. ಹದಿನೈದು ದಿನದಿಂದ ಕೈ ನಡುಕ ಜಾಸ್ತಿ. ವಯಸ್ಸಿನ ನಡುಕವೇ? — ಓದುಗರು, ರಾಯಚೂರು

ವಯಸ್ಸಿನದು ಎಂದು ಬಿಡಬೇಡಿ. ಇವತ್ತು, ತಪ್ಪಿದರೆ ನಾಳೆ, ರಕ್ತದಲ್ಲಿ ಲಿಥಿಯಂ ಪ್ರಮಾಣ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಪರೀಕ್ಷೆ) ಮತ್ತು ಸೋಡಿಯಂ ನೋಡಿಸಿ. ನಡುಕದ ಜೊತೆ ವಾಂತಿ, ಭೇದಿ, ನಾಲಿಗೆ ತೊದಲುವುದು, ನಡೆಯುವಾಗ ಓಲಾಡುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ವರದಿಗೆ ಕಾಯದೆ ಲಿಥಿಯಂ ನಿಲ್ಲಿಸಿ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಲಿಥಿಯಂ ಒಂದು ಲವಣ. ಉನ್ಮಾದಕ್ಕೆ ಅದು ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ ಪ್ರಕಟಿಸಿದ್ದು 1949ರಲ್ಲಿ. ಇವತ್ತಿಗೂ ಬೈಪೋಲಾರ್ ಮರುಕಳಿಸದಂತೆ ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಅದಕ್ಕೆ ಸಮನಾದದ್ದು ಕಡಿಮೆ. ತೊಂದರೆ ಏನೆಂದರೆ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇದ್ದರೆ ಒಳ್ಳೆಯದು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಕಡಿಮೆ ಸಾಕಾಗುತ್ತದೆ. 1.5 ದಾಟಿದರೆ ವಿಷ. ವರ್ಷಾನುಗಟ್ಟಲೆ ತೆಗೆದುಕೊಂಡವರಿಗೆ, ವಯಸ್ಸಾದವರಿಗೆ ಅದಕ್ಕೂ ಮೊದಲೇ ವಿಷದ ಲಕ್ಷಣ ಬರಬಹುದು.

ಲಿಥಿಯಂ ಹೊರಹೋಗುವುದು ಬಹುಪಾಲು ಮೂತ್ರಪಿಂಡದ ಮೂಲಕವೇ. ದೇಹದಲ್ಲಿ ಸೋಡಿಯಂ ಅಥವಾ ನೀರು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಡೋಸ್ ಬದಲಾಗದಿದ್ದರೂ ರಕ್ತದಲ್ಲಿ ಪ್ರಮಾಣ ಏರುವುದು ಹೀಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಗಳು, ಬಿಪಿಯಲ್ಲಿ ಹೈಡ್ರೊಕ್ಲೊರೊಥಯಜೈಡ್, ಕ್ಲೋರ್ಥಾಲಿಡೋನ್, ಟೆಲ್ಮಿಸಾರ್ಟಾನ್, ಎನಲಾಪ್ರಿಲ್ ಎಲ್ಲವೂ ಇದನ್ನೇ ಮಾಡುತ್ತವೆ. ಬಿಪಿ ಮಾತ್ರೆಯ ಹೆಸರಿನ ತುದಿಗೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಹೈಡ್ರೊಕ್ಲೊರೊಥಯಜೈಡ್ ಬೆರೆತಿದೆ ಎಂದರ್ಥ, ಪಟ್ಟಿಯ ಹಿಂದೆ ಓದಿ ನೋಡಿ. ನೋವಿಗೆ ಪ್ಯಾರಾಸಿಟಮಾಲ್ ಆದೀತು. ಬಿಪಿಗೆ ಆಮ್ಲೊಡಿಪಿನ್ ಕೊಡಬಹುದೇ ಎಂದು ಕೇಳಿ. ನಿಮ್ಮ ಕಡೆಯ ಬೇಸಿಗೆಯಲ್ಲಿ ಹೊಲದ ಕೆಲಸ, ನೀರೂ ಕುಡಿಯದ ಉಪವಾಸ, ಬಿಪಿ ಅಂತ ಒಮ್ಮೆಲೇ ಉಪ್ಪು ಬಿಡುವುದು, ವಾಂತಿಭೇದಿ ಕೂಡ ಅಷ್ಟೇ ಅಪಾಯ. ವಾಂತಿಭೇದಿಯಾದ ದಿನ ಲಿಥಿಯಂ ತಡೆದು, ಓಆರ್‌ಎಸ್ ಕುಡಿಸಿ, ವೈದ್ಯರಿಗೆ ತಿಳಿಸಿ.

ಪರೀಕ್ಷೆಯಲ್ಲೂ ಎಡವಟ್ಟಾಗುತ್ತದೆ. ರಕ್ತ ಕೊಡಬೇಕಾದ್ದು ಕೊನೆಯ ಡೋಸ್ ಆಗಿ 12 ಗಂಟೆಗೆ: ರಾತ್ರಿ 9ಕ್ಕೆ ತಗೊಂಡರೆ ಬೆಳಗ್ಗೆ 9ಕ್ಕೆ, ಬೆಳಗಿನ ಮಾತ್ರೆ ನುಂಗುವ ಮೊದಲು. ನುಂಗಿ ಹೋದರೆ ಸುಳ್ಳು ಏರಿಕೆ ಕಾಣುತ್ತದೆ. ಲಿಥಿಯಂ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಹಾಕಿದ ಟ್ಯೂಬಿಗೆ ರಕ್ತ ತೆಗೆದರೂ ಹಾಗೆಯೇ, ಆದ್ದರಿಂದ ಲ್ಯಾಬಿನವರಿಗೆ ಯಾವ ಪರೀಕ್ಷೆಯೆಂದು ಮೊದಲೇ ಹೇಳಿ. ಎಲ್ಲ ಸರಿಯಿದ್ದಾಗಲೂ ಆರು ತಿಂಗಳಿಗೊಮ್ಮೆ ಲಿಥಿಯಂ, ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ನೋಡಿಸಬೇಕು.

ಅಮ್ಮನಿಗೆ 54. ಮೈಕೈ ನೋವು, ಅಂಗಾಲು ಉರಿ, ತಲೆ ಭಾರ, ಹೊಟ್ಟೆ ಉಬ್ಬರ. ಸ್ಕ್ಯಾನ್, ಇಸಿಜಿ ಎಲ್ಲಾ ನಾರ್ಮಲ್. ‘ಮನಸ್ಸಿಗೆ ಏನೂ ಆಗಿಲ್ಲ’ ಅಂತಾರೆ. ವೈದ್ಯರು ಖಿನ್ನತೆ ಅಂತಾರೆ. ನಂಬೋದು ಹೇಗೆ? — ಓದುಗರು, ತಿಪಟೂರು

ಅಮ್ಮನ ನೋವು ನಿಜವಾದ ನೋವು. ಮೊದಲು ಅದನ್ನು ಅವರಿಗೆ ಹೇಳಿ. ನಮ್ಮ ಊರುಗಳಲ್ಲಿ ಖಿನ್ನತೆ ‘ಬೇಜಾರು’ ಎಂದು ಹೇಳಿಕೊಂಡು ಬರುವುದಕ್ಕಿಂತ ಸೊಂಟ, ತಲೆ, ಹೊಟ್ಟೆಯ ಮೂಲಕ ಬರುವುದೇ ಹೆಚ್ಚು. ‘ಬೇಜಾರಾ?’ ಎಂದು ಕೇಳುವ ಬದಲು ಹೀಗೆ ಕೇಳಿ ನೋಡಿ: ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲವೇ? ಮೊಮ್ಮಕ್ಕಳು ಬಂದರೂ, ಜಾತ್ರೆ ಬಂದರೂ ಹುಮ್ಮಸ್ಸು ಇಲ್ಲವೇ? ಊಟ ರುಚಿಸುತ್ತಿಲ್ಲವೇ, ತೂಕ ಇಳಿದಿದೆಯೇ? ಹಾಲು ಒಲೆಯ ಮೇಲಿಟ್ಟು ಮರೆಯುತ್ತಾರೆಯೇ? ‘ನಾನು ಭಾರವಾದೆ’ ಎನ್ನುತ್ತಾರೆಯೇ? ಮಂಕು ಅಥವಾ ನಿರಾಸಕ್ತಿ ಸೇರಿ ಒಂಬತ್ತು ಲಕ್ಷಣಗಳಲ್ಲಿ ಐದು, ಎರಡು ವಾರ ಬಹುತೇಕ ದಿನವಿಡೀ ಇದ್ದರೆ ಅದು ಖಿನ್ನತೆ.

ಥೈರಾಯ್ಡ್, ಹಿಮೊಗ್ಲೋಬಿನ್, ಬಿ12, ಸಕ್ಕರೆ ಒಮ್ಮೆ ನೋಡಿಸಿ. ಥೈರಾಯ್ಡ್ ಕುಗ್ಗಿದರೆ ಥೇಟ್ ಹೀಗೇ ಕಾಣುತ್ತದೆ, ಬಿ12 ಕೊರತೆಯಲ್ಲಿ ಅಂಗಾಲು ಉರಿ, ಮಂಕು ಎರಡೂ ಬರುತ್ತವೆ. ಉಬ್ಬಸಕ್ಕೋ ಕೀಲುನೋವಿಗೋ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ಹೇಳಿ.

ಕಾರಣ ಒಂದೇ ಅಲ್ಲ. ‘ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆ’ ಎಂಬ ವಿವರಣೆ ಕೇಳಲು ಸುಲಭ, ಆದರೆ ಸಾಬೀತಾದದ್ದಲ್ಲ. ವಂಶದ ಒಲವು, ಮುಟ್ಟು ನಿಲ್ಲುವ ವಯಸ್ಸು, ಸಾವು, ಸಾಲ, ಒಂಟಿತನ ಎಲ್ಲ ಸೇರಿ ಬರುತ್ತದೆ. ಮಾತ್ರೆ ಕೊಟ್ಟರೆ ಮೊದಲ ವಾರ ವಾಕರಿಕೆ, ಚಡಪಡಿಕೆ ಇರಬಹುದು. ಗುಣ ಕಾಣಲು 2ರಿಂದ 4 ವಾರ ಬೇಕು. ಹತ್ತೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು, ನಮಗೆ ಬೇಸರವಾಗುವುದು ಅಲ್ಲೇ. ಈ ಮಾತ್ರೆಗಳು ವಯಸ್ಸಾದವರಲ್ಲಿ ಸೋಡಿಯಂ ಇಳಿಸಬಹುದು, ಆದ್ದರಿಂದ ಮಾತ್ರೆ ಶುರುವಾಗಿ ಎರಡು ಮೂರು ವಾರವಾದಾಗ ಒಂದು ಸಲ ಅದನ್ನು ಪರೀಕ್ಷಿಸಿ. ಜೊತೆಗೆ ದಿನಕ್ಕೊಂದು ಚಿಕ್ಕ ಕೆಲಸ ಗೊತ್ತು ಮಾಡಿ, ಹತ್ತು ನಿಮಿಷದ್ದು: ಹೂ ಕಟ್ಟುವುದು, ಪಕ್ಕದ ಮನೆಗೆ ಹೋಗಿ ಬರುವುದು. ಮನಸ್ಸು ಬರಲಿ ಅಂತ ಕಾಯಬಾರದು, ಕೆಲಸ ಮುಂದೆ, ಮನಸ್ಸು ಹಿಂದೆ. ಗೋವಾದಲ್ಲಿ ಇದೇ ತತ್ವದ 6ರಿಂದ 8 ಭೇಟಿಗಳ ಆಪ್ತಸಲಹೆಯನ್ನು ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ಕೊಟ್ಟಾಗ ತೀವ್ರ ಖಿನ್ನತೆಯವರೂ ಸುಧಾರಿಸಿದ್ದರು.

ನನಗೆ 26, ಬೈಪೋಲಾರ್ ಇದೆ, ವಾಲ್ಪ್ರೊಯೇಟ್‌ನಲ್ಲಿ ಎರಡು ವರ್ಷದಿಂದ ಆರಾಮಾಗಿದ್ದೇನೆ. ಮದುವೆ ಗೊತ್ತಾಗಿದೆ. ಮಗುವಿಗೆ ತೊಂದರೆಯೇ? — ಓದುಗರು, ಬೆಂಗಳೂರು

ಹೌದು, ಈ ಒಂದು ಔಷಧದಿಂದ ತೊಂದರೆ ಇದೆ. ನೀವು ಮದುವೆಗೆ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಗರ್ಭದಲ್ಲಿ ವಾಲ್ಪ್ರೊಯೇಟ್ ಸೋಕಿದ 100 ಮಕ್ಕಳಲ್ಲಿ ಸುಮಾರು 10ಕ್ಕೆ ಅಂಗನ್ಯೂನತೆ, 30ರಿಂದ 40 ಮಕ್ಕಳಿಗೆ ಕಲಿಕೆ, ಮಾತು, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ. ಬೆನ್ನುಹುರಿಯ ನಾಳ ಮುಚ್ಚುವುದು ಗರ್ಭ ನಿಂತ 28 ದಿನದೊಳಗೆ, ಅಂದರೆ ಬಸಿರೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಫೋಲಿಕ್ ಆಮ್ಲ ಬೇಕೇ ಬೇಕು, ಆದರೆ ಅದು ಈ ಅಪಾಯವನ್ನು ತೊಡೆಯುವುದಿಲ್ಲ.

ಹಾಗೆಂದು ನಾಳೆಯೇ ನಿಲ್ಲಿಸಬೇಡಿ, ಉನ್ಮಾದ ತಿರುಗಿ ಬರುತ್ತದೆ. ಮನೋವೈದ್ಯರ ಜೊತೆ ಕೂತು ಬೇರೆ ಔಷಧಕ್ಕೆ ಬದಲಿಸಿಕೊಳ್ಳಿ, ಅದು ಮುಗಿದು ಮನಸ್ಸು ಕೆಲವು ತಿಂಗಳು ಸ್ಥಿರವಾಗಿರುವವರೆಗೆ ಗರ್ಭನಿರೋಧಕ ಬಳಸಿ. ಆ ಔಷಧ ಲ್ಯಾಮೊಟ್ರಿಜಿನ್ ಆದರೆ ಡೋಸ್ ಏರಿಸುವುದು ಬಹಳ ನಿಧಾನ. ವಾಲ್ಪ್ರೊಯೇಟ್ ಇನ್ನೂ ನಡೆಯುತ್ತಿದ್ದರೆ 25 ಮಿ.ಗ್ರಾಂ ದಿನ ಬಿಟ್ಟು ದಿನ, ಎರಡು ವಾರ. ಆಮೇಲೆ ದಿನಾ 25, ಎರಡು ವಾರ. ಅವಸರ ಮಾಡಿದರೆ ಪ್ರಾಣಕ್ಕೇ ಕುತ್ತಾಗುವ ಚರ್ಮದ ಕಾಯಿಲೆ ಬರಬಹುದು. ದದ್ದು ಕಂಡ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿ. ಐದಾರು ದಿನ ಮಾತ್ರೆ ತಪ್ಪಿದರೆ ಮತ್ತೆ ಮೊದಲ ಮೆಟ್ಟಿಲಿನಿಂದಲೇ ಶುರು. ಗರ್ಭನಿರೋಧಕ ಗುಳಿಗೆಯ ಈಸ್ಟ್ರೊಜನ್ ಲ್ಯಾಮೊಟ್ರಿಜಿನ್‌ನ ಬಲ ಕುಗ್ಗಿಸುತ್ತದೆ, ಆದ್ದರಿಂದ ಬೇರೆ ವಿಧಾನ ಕೇಳಿ.

ಕಾಯಿಲೆ ಮಗುವಿಗೂ ಬರುತ್ತದೆಯೇ ಎಂಬ ಭಯ ಇರಬಹುದು. ತಂದೆ ತಾಯಿಯಲ್ಲಿ ಒಬ್ಬರಿಗೆ ಬೈಪೋಲಾರ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 5ರಿಂದ 10. ಉಳಿದ 90ಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ನಿಜಕ್ಕೂ ಸಿದ್ಧತೆ ಬೇಕಿರುವುದು ಬಾಣಂತನಕ್ಕೆ. ಹೆರಿಗೆಯಾದ ಮೇಲಿನ ಮೊದಲ ಎರಡು ವಾರದಲ್ಲೇ ಬಾಣಂತಿ ಸನ್ನಿ ಬರುವುದು ಹೆಚ್ಚು, ನಿದ್ದೆಗೇಡು ಅದಕ್ಕೆ ದಾರಿ. ರಾತ್ರಿ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಈಗಲೇ ಗೊತ್ತು ಮಾಡಿ, ಗಂಡನ ಮನೆಯವರಿಗೂ ತಿಳಿದಿರಲಿ.

ಅಣ್ಣನಿಗೆ ‘ಕರೆಂಟ್ ಕೊಡಬೇಕು’ ಎಂದಿದ್ದಾರೆ. ಊಟ ನೀರು ಬಿಟ್ಟಿದ್ದಾನೆ. ಭಯವಾಗುತ್ತಿದೆ. — ಓದುಗರು, ಸಾಗರ

ಕೊಡಿಸಿ. ಊಟ ನೀರು ಬಿಟ್ಟ ಖಿನ್ನತೆಗೆ ಮಾತ್ರೆ ಹಿಡಿಯುವವರೆಗೆ ಕಾಯುವ ಸಮಯವಿಲ್ಲ, ಇಸಿಟಿ, ಅಂದರೆ ನೀವು ಹೇಳಿದ ಈ ‘ಕರೆಂಟ್’ ಚಿಕಿತ್ಸೆ, ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಕೆಲವು ಸೆಕೆಂಡು ಮಾತ್ರ ವಿದ್ಯುತ್. ಅವರಿಗೆ ನೋವು ತಿಳಿಯುವುದಿಲ್ಲ. ವಾರಕ್ಕೆ ಎರಡು ಮೂರರಂತೆ ಒಟ್ಟು 6ರಿಂದ 12. ಅರಿವಳಿಕೆ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಆ ವಾರಗಳ ನೆನಪು ಮಸುಕಾಗುವುದು ಸಾಮಾನ್ಯ, ಬಹುಮಟ್ಟಿಗೆ ಮರಳುತ್ತದೆ; ಕೆಲವರಿಗೆ ಆ ಅವಧಿಯ ಕೆಲವು ಘಟನೆಗಳು ಬಾರದೆಯೂ ಉಳಿಯಬಹುದು. ಗುಣವಾದ ಮೇಲೂ ಮಾತ್ರೆ ಮುಂದುವರಿಯಬೇಕು.

ಮಗ ಪಿಯುಸಿ. ಖಿನ್ನತೆಗೆ ಮಾತ್ರೆ ಶುರುವಾಗಿ ಹತ್ತು ದಿನ. ‘ಇದ್ದು ಏನು ಮಾಡಲಿ’ ಅಂತಾನೆ. ಸಾಯುವ ಯೋಚನೆ ಇದೆಯಾ ಅಂತ ಕೇಳಿದರೆ ನಾವೇ ದಾರಿ ತೋರಿಸಿದಂತೆ ಆಗುತ್ತಾ? ಕೆಲವು ತಿಂಗಳಾದ ಮೇಲೆ ಮಾತ್ರೆ ಬಿಡಬಹುದಾ? — ಓದುಗರು, ಚಿಕ್ಕೋಡಿ

ಕೇಳಿ, ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಬ್ಬನೇ ಹೊತ್ತುಕೊಂಡಿದ್ದು ಹಗುರಾಗುತ್ತದೆ. ‘ಜೀವ ಬೇಡ ಅನ್ನಿಸುತ್ತಾ ಮಗಾ? ಹೇಗೆ ಅಂತಲೂ ಯೋಚಿಸಿದ್ದೀಯಾ?’ ಎಂದು ಶಾಂತವಾಗಿ ಕೇಳಿ, ಬೈಯದೆ, ಅಳದೆ ಪೂರ್ತಿ ಕೇಳಿಸಿಕೊಳ್ಳಿ. 25 ವರ್ಷದೊಳಗಿನವರಲ್ಲಿ ಮಾತ್ರೆ ಶುರುವಾದ, ಡೋಸ್ ಬದಲಾದ ಮೊದಲ ವಾರಗಳಲ್ಲಿ ಇಂಥ ಯೋಚನೆ ಹೆಚ್ಚಾಗಬಹುದು, ಆದ್ದರಿಂದ ವೈದ್ಯರಿಗೆ ಇವತ್ತೇ ತಿಳಿಸಿ. ಕೀಟನಾಶಕ ಮನೆಯಲ್ಲಿ ಬೇಡ. ಮಾತ್ರೆಗಳು ನಿಮ್ಮ ಬೀರುವಿನಲ್ಲಿರಲಿ, ದಿನದ್ದು ದಿನಕ್ಕೆ ಕೊಡಿ. ‘ಹೌದು, ಯೋಚಿಸಿದ್ದೇನೆ’ ಎಂದರೆ ಒಬ್ಬನನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹಗಲು ರಾತ್ರಿ ಯಾವಾಗ ಬೇಕಾದರೂ 14416, ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ನಿಮ್ಮ ಕಡೆಯಿಂದ ದೊಡ್ಡಾಸ್ಪತ್ರೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ.

ಬಿಡುವ ಮಾತು: ಪೂರ್ತಿ ಗುಣವಾದ ದಿನದಿಂದ ಲೆಕ್ಕ ಹಾಕಿ 6ರಿಂದ 9 ತಿಂಗಳು ಮುಂದುವರಿಸಬೇಕು. ಖಿನ್ನತೆ ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು. ಬಿಡುವುದೂ ವಾರಗಟ್ಟಲೆ ಮೆಟ್ಟಿಲು ಇಳಿದಂತೆ, ವೈದ್ಯರು ಹೇಳಿದ ಲೆಕ್ಕದಲ್ಲಿ. ಥಟ್ಟನೆ ಬಿಟ್ಟರೆ ಎರಡು ನಾಲ್ಕು ದಿನದಲ್ಲಿ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತೆ ಝುಮ್ಮೆನ್ನುವುದು, ಕಿರಿಕಿರಿ. ಅದು ಚಟವಲ್ಲ, ಕಾಯಿಲೆ ಮರಳಿದ್ದೂ ಅಲ್ಲ. ಮರುಕಳಿಕೆ ಸಾಮಾನ್ಯವಾಗಿ ವಾರಗಳು ಕಳೆದು ನಿಧಾನಕ್ಕೆ ಬರುತ್ತದೆ, ಮೊದಲು ಕೆಡುವುದು ನಿದ್ದೆ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಡೋಸ್ ಇಳಿಸಲು ಹೋಗಬೇಡಿ, ರಜೆ ಬರಲಿ.